ರೆಕಾರ್ಡ್ ಪೆಟ್ಟಿಗೆ (ಓದುಗರ ಪ್ರಶ್ನೆ): ಹೆಸರು ಒಬ್ಬರದ್ದು, ದನಿ ಇನ್ನೊಬ್ಬರದ್ದು

ಹೋದ ಸಂಚಿಕೆಯಲ್ಲಿ ಅಮೆರಿಕದ ಅರವತ್ತರ ದಶಕದ ಗರ್ಲ್ ಗ್ರೂಪ್‌ಗಳ ಬಗ್ಗೆ ಒಂದು ಪುಟ ಬರೆದಿದ್ದೆ. ಹೈಸ್ಕೂಲು ಓದೋ ವಯಸ್ಸಿನ ಮೂರ್ನಾಲ್ಕು ಹುಡುಗೀರು, ಒಬ್ಬಳು ಮುಂದೆ ನಿಂತು ಹಾಡೋದು, ಮಿಕ್ಕೋರು ಹಿಂದೆ ಶೂಪ್ ಶೂಪ್ ಅಂತ ದನಿ ಕೂಡಿಸೋದು, ಎರಡೂವರೆ ನಿಮಿಷದ ಹಾಡು, ಏಳಿಂಚಿನ 45 ರೆಕಾರ್ಡು (ಅಂದ್ರೆ ನಿಮಿಷಕ್ಕೆ 45 ಸುತ್ತು ತಿರುಗೋದು). ಅದರ ಕೊನೆಗೆ 'ಲೇಬಲ್ ಮೇಲಿನ ಹೆಸರನ್ನ ನಂಬಬೇಡಿ, ಕಿವೀನ ನಂಬಿ' ಅಂತ ಒಂದು ಸಾಲು ಹಾಕಿದ್ದೆ. ಬಂದಿರೋ ಪತ್ರಗಳಲ್ಲಿ ಅರ್ಧ ಆ ಸಾಲಿನ ಬಗ್ಗೆನೇ ಇರೋದ್ರಿಂದ ಅಲ್ಲಿಂದಲೇ ಶುರು ಮಾಡ್ತೀನಿ.

ಪ್ರಶ್ನೆ: ಮೇಡಂ, ಲೇಬಲ್ ನಂಬಬೇಡಿ ಅಂದ್ರೆ ಏನರ್ಥ? ಕಂಪನಿಯವರೇ ಅಚ್ಚು ಹಾಕಿದ ಹೆಸರು ಸುಳ್ಳಾಗೋಕೆ ಹೇಗೆ ಸಾಧ್ಯ? (ಮೈಸೂರಿನ ಓದುಗರು)

ಸಾಧ್ಯ ಆಗಿದೆ ಸಾರ್, ಅದೂ ಅಮೆರಿಕದ ನಂಬರ್ ಒನ್ ಹಾಡಿನಲ್ಲೇ. 1962ರ 'ಹೀಸ್ ಎ ರೆಬೆಲ್' ರೆಕಾರ್ಡು ತೆಗೆದು ನೋಡಿ, ಫಿಲ್ಲೀಸ್ ಕಂಪನಿ, ನಂಬರ್ 106, ಹಾಡಿದವರು ದ ಕ್ರಿಸ್ಟಲ್ಸ್ ಅಂತ ಇರತ್ತೆ. ಆದ್ರೆ ಕ್ರಿಸ್ಟಲ್ಸ್ ಹುಡುಗೀರು ಒಬ್ಬರೂ ಅದರಲ್ಲಿಲ್ಲ. ಆಗಿದ್ದೇನು ಅಂದ್ರೆ, ಜೀನ್ ಪಿಟ್ನಿ ಬರೆದ ಈ ಹಾಡನ್ನ ವಿಕ್ಕಿ ಕಾರ್ ಅನ್ನೋ ಗಾಯಕಿ ಇನ್ನೊಂದು ಕಂಪನಿಗೆ ಹಾಡ್ತಿದ್ದಾರೆ ಅಂತ ಫಿಲ್ಲೀಸ್‌ನ ಪ್ರೊಡ್ಯೂಸರ್ ಫಿಲ್ ಸ್ಪೆಕ್ಟರ್‌ಗೆ ಗೊತ್ತಾಯ್ತು, ಅವರಿಗಿಂತ ಮೊದಲು ಮಾರ್ಕೆಟ್ಟಿಗೆ ತರಬೇಕು, ಕ್ರಿಸ್ಟಲ್ಸ್ ಇರೋದು ನ್ಯೂಯಾರ್ಕ್ ಕಡೆ, ಇವನು ಸ್ಟುಡಿಯೋ ಬುಕ್ ಮಾಡಿರೋದು ಹಾಲಿವುಡ್ಡಿನ ಗೋಲ್ಡ್ ಸ್ಟಾರ್‌ನಲ್ಲಿ, ಅವರನ್ನ ಕರೆಸೋ ಹೊತ್ತಿಗೆ ಕೆಲಸ ಕೆಟ್ಟಿರತ್ತೆ ಅಂತ ಅಲ್ಲೇ ಇದ್ದ ಬ್ಲಾಸಮ್ಸ್ ಅನ್ನೋ ಕೋರಸ್ ಗುಂಪನ್ನ ಕರೆದು ಹಾಡಿಸಿಬಿಟ್ಟ. ಮುಂದೆ ನಿಂತು ಹಾಡಿದ್ದು ಡಾರ್ಲೀನ್ ರೈಟ್. ಹೆಸರು ಮಾತ್ರ ಕ್ರಿಸ್ಟಲ್ಸ್‌ದು, ಯಾಕಂದ್ರೆ ಆ ಹೆಸರಿಗೆ ಆಗಲೇ ಮಾರ್ಕೆಟ್ ಇತ್ತು.

ನವೆಂಬರ್ ಹೊತ್ತಿಗೆ ಅದು ನಂಬರ್ ಒನ್. ಪಾಪ ಕ್ರಿಸ್ಟಲ್ಸ್ ಹುಡುಗೀರು ತಾವು ಹಾಡದೇ ಇದ್ದ ಹಾಡನ್ನ ಸ್ಟೇಜ್ ಮೇಲೆ ಕಲಿತು ಹಾಡಬೇಕಾಯ್ತು. ಆ ಕಡೆ ಡಾರ್ಲೀನ್‌ಗೆ ಸ್ಪೆಕ್ಟರ್ 'ಲವ್' ಅಂತ ಹೊಸ ಸರ್‌ನೇಮ್ ಕೊಟ್ಟ, ಮುಂದಿನದ್ದು ನಿನ್ನ ಹೆಸರಲ್ಲೇ ಬರತ್ತೆ ಅಂದ. ಮುಂದಿನದ್ದೂ ಕ್ರಿಸ್ಟಲ್ಸ್ ಹೆಸರಲ್ಲೇ ಬಂತು, ಅದನ್ನ ತಾನು ರೇಡಿಯೋದಲ್ಲಿ ಕೇಳಿ ತಿಳ್ಕೊಂಡೆ ಅಂತ ಡಾರ್ಲೀನ್ ಲವ್ ಅವರೇ ಹೇಳಿಕೊಂಡಿದ್ದಾರೆ. ಕೊನೆಗೂ 1963ರಲ್ಲಿ ಅವರ ಸ್ವಂತ ಹೆಸರಲ್ಲಿ ರೆಕಾರ್ಡು ಬಂತು. ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅವರನ್ನ ಸೇರಿಸಿಕೊಂಡಿದ್ದು 2011ರಲ್ಲಿ, ಅಂದ್ರೆ ಹಾಡಿ ನಲವತ್ತೊಂಬತ್ತು ವರ್ಷ ಆದಮೇಲೆ.

ನಮಗಿದು ತೀರಾ ಹೊಸದೇನಲ್ಲ. 1949ರ 'ಮಹಲ್' ಚಿತ್ರದ 'ಆಯೇಗಾ ಆನೇವಾಲಾ' ರೆಕಾರ್ಡಿನ ಮೇಲೆ ಮೊದಲು ಇದ್ದ ಹೆಸರು 'ಕಾಮಿನಿ', ಅದು ಪಾತ್ರದ ಹೆಸರು, ಹಾಡಿದ್ದು ಲತಾ ಮಂಗೇಶ್ಕರ್. ಆಮೇಲೆ ನಮ್ಮಲ್ಲಿ ಹಿನ್ನೆಲೆ ಗಾಯಕಿಯರ ಹೆಸರು ಲೇಬಲ್ ಮೇಲೆ ಸರಿಯಾಗಿ ಬರೋಕೆ ಶುರುವಾಯ್ತು, ಸುಶೀಲಾ ಅಂದ್ರೆ ಸುಶೀಲಾ, ಜಾನಕಿ ಅಂದ್ರೆ ಜಾನಕಿ. ಅಮೆರಿಕದ ಆ ಹುಡುಗೀರಿಗೆ ಅಷ್ಟು ಭಾಗ್ಯ ಇರಲಿಲ್ಲ. ಗುಂಪಿನ ಹೆಸರು ಕಂಪನಿಯ ಆಸ್ತಿ ಇದ್ದಂಗೆ, ಅದರೊಳಗೆ ಯಾರನ್ನ ಬೇಕಾದ್ರೂ ಹಾಕಬಹುದು ತೆಗೀಬಹುದು. ಅದಕ್ಕೇ ನಾವು ಸಂಗ್ರಹ ಮಾಡೋರು ಗಂಟೆಗಟ್ಟಲೆ ಕೂತು ಇದು ಡಾರ್ಲೀನ್ ದನಿನಾ, ಕ್ರಿಸ್ಟಲ್ಸ್ ಹುಡುಗಿ ಲಾ ಲಾ ಬ್ರೂಕ್ಸ್ ದನಿನಾ ಅಂತ ವಾದ ಮಾಡೋದು. ಹೊರಗಿನವರಿಗೆ ಅದು ಹರಟೆ ಅನ್ನಿಸಬಹುದು, ನನಗೆ ಹಂಗನ್ನಿಸಲ್ಲ, ಹಾಡಿದವಳ ಹೆಸರು ಅವಳಿಗೆ ವಾಪಸ್ ಸಿಗೋದು ಎಷ್ಟೋ ಸಲ ಇಂಥ ವಾದದಿಂದಲೇ. ಕಿವಿಗೆ ಅಭ್ಯಾಸ ಆಗ್ಬೇಕು ಅಂದ್ರೆ 'ಹೀಸ್ ಎ ರೆಬೆಲ್' ಆದ ತಕ್ಷಣ 1963ರ 'ಡಾ ಡೂ ರಾನ್ ರಾನ್' ಹಾಕಿ. ಅದರಲ್ಲಿ ಹಾಡಿರೋದು ನಿಜವಾದ ಕ್ರಿಸ್ಟಲ್ಸ್‌ನ ಲಾ ಲಾ ಬ್ರೂಕ್ಸ್, ಆಗ ಹದಿನೈದರ ಹುಡುಗಿ, ತೆಳುವಾದ ಚುರುಕಿನ ದನಿ. ಡಾರ್ಲೀನ್‌ದು ಚರ್ಚಲ್ಲಿ ಪಳಗಿದ ತುಂಬು ದನಿ. ನಾಲ್ಕು ಸಲ ಕೇಳಿದ್ರೆ ಸಾಕು.

ಪ್ರಶ್ನೆ: ನಮ್ಮಮ್ಮ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಭಕ್ತೆ. 'ಮೈ ಸ್ವೀಟ್ ಲಾರ್ಡ್' ಯಾವುದೋ ಹುಡುಗೀರ ಹಾಡಿನ ಕಾಪಿ ಅಂತ ನನ್ನ ಫ್ರೆಂಡ್ ಹೇಳ್ದ, ಮನೇಲಿ ದೊಡ್ಡ ಜಗಳ ಆಯ್ತು. (ದಾವಣಗೆರೆ)

ಅಮ್ಮಂಗೆ ನೋವಾಗದಂಗೆ ಹೇಳಿ. ದ ಚಿಫಾನ್ಸ್ ಅಂತ ನ್ಯೂಯಾರ್ಕಿನ ಬ್ರಾಂಕ್ಸ್ ಕಡೆ ಹುಡುಗೀರು, ಅವರ 'ಹೀಸ್ ಸೋ ಫೈನ್' 1963ರಲ್ಲಿ ನಾಲ್ಕು ವಾರ ನಂಬರ್ ಒನ್ ಇತ್ತು. ಬರೆದಿದ್ದು ರೋನಿ ಮ್ಯಾಕ್ ಅನ್ನೋ ಹುಡುಗ, ಅದೇ ವರ್ಷ ತೀರಿಕೊಂಡ. 1970ರಲ್ಲಿ ಜಾರ್ಜ್ ಹಾಡು ಬಂತು, ಹಾಡಿನ ಹಕ್ಕು ಇದ್ದ ಕಂಪನಿ ಕೇಸ್ ಹಾಕ್ತು, 1976ರಲ್ಲಿ ಕೋರ್ಟು ಏನು ಹೇಳ್ತು ಅಂದ್ರೆ ಬೇಕಂತ ಕದ್ದಿಲ್ಲ, ಮನಸ್ಸಿನ ಆಳದಲ್ಲಿ ಉಳಿದಿದ್ದ ರಾಗ ಗೊತ್ತಿಲ್ದೇ ಹೊರಗೆ ಬಂದಿದೆ, ಆದ್ರೂ ಅದು ಕಾಪಿನೇ. ಹಂಗಾಗಿ ನಿಮ್ಮ ಫ್ರೆಂಡ್ ಹೇಳಿದ್ದೂ ನಿಜ, ಅಮ್ಮ ಅವರ ಪರ ನಿಂತಿದ್ದೂ ತಪ್ಪಲ್ಲ. 'ಹರೇ ಕೃಷ್ಣ', 'ಗುರುರ್ಬ್ರಹ್ಮ' ಅಂತ ಬರೋ ಹಾಡಿನ ಬುಡದಲ್ಲಿ ಬ್ರಾಂಕ್ಸ್ ಹುಡುಗೀರ 'ಡೂ ಲ್ಯಾಂಗ್ ಡೂ ಲ್ಯಾಂಗ್' ಕೂತಿದೆ ಅನ್ನೋದು ನನಗಂತೂ ಬಹಳ ಇಷ್ಟ. ಜಾರ್ಜ್ ಜೊತೆ ಆ ಹಾಡಿನ ಪ್ರೊಡ್ಯೂಸರ್ ಯಾರು ಗೊತ್ತಾ, ಮೇಲೆ ಹೇಳಿದ ಅದೇ ಫಿಲ್ ಸ್ಪೆಕ್ಟರ್. 1975ರಲ್ಲಿ ಚಿಫಾನ್ಸ್ ಅವರೇ 'ಮೈ ಸ್ವೀಟ್ ಲಾರ್ಡ್' ಹಾಡಿ ರೆಕಾರ್ಡ್ ಮಾಡಿದ್ದಾರೆ. ಸಿಕ್ಕಿದ್ರೆ ಅಮ್ಮಂಗೆ ಕೇಳಿಸಿ, ಜಗಳ ಮುಗಿಯುತ್ತೆ.

ಪ್ರಶ್ನೆ: ದೊಡ್ಡ ಹೆಸರೆಲ್ಲಾ ಗೊತ್ತು. ಯಾರಿಗೂ ಗೊತ್ತಿಲ್ಲದ ಒಂದು ಗ್ರೂಪ್ ಹೇಳಿ ನೋಡೋಣ. (ಬಸವನಗುಡಿ, ಬೆಂಗಳೂರು)

ದ ಡೋನೇಸ್. ಡೆಟ್ರಾಯ್ಟ್ ಕಡೆಯವರು. ಒಂದೇ ಒಂದು ಸಿಂಗಲ್ (ಆ ಕಡೆ ಒಂದು, ಈ ಕಡೆ ಒಂದು ಹಾಡಿರೋ ಚಿಕ್ಕ ರೆಕಾರ್ಡು), 1962ರ 'ಡೆವಿಲ್ ಇನ್ ಹಿಸ್ ಹಾರ್ಟ್', ಅಮೆರಿಕದಲ್ಲಿ ಬ್ರೆಂಟ್ ಕಂಪನಿ, ಇಂಗ್ಲೆಂಡಲ್ಲಿ ಓರಿಯೋಲ್. ಎರಡೂ ಕಡೆ ಓಡಲಿಲ್ಲ, ಗ್ರೂಪೂ ಅಲ್ಲಿಗೆ ಮುಗೀತು. ಆದ್ರೆ ಇಂಗ್ಲೆಂಡಿಗೆ ಬಂದ ಆ ರೆಕಾರ್ಡನ್ನ ಕೇಳಿ ಬೀಟಲ್ಸ್ ಹುಡುಗರು ಮನಸ್ಸು ಕೊಟ್ಟುಬಿಟ್ರು, 'ಹಿಸ್' ತೆಗೆದು 'ಹರ್' ಮಾಡಿ 1963ರ ತಮ್ಮ ಎರಡನೇ ಎಲ್‌ಪಿಗೆ ಹಾಕಿದ್ರು. ಹಾಡಿದ್ದು ಮತ್ತೆ ಅದೇ ಜಾರ್ಜ್. (ಬೀಟಲ್ಸ್‌ಗೆ ಈ ಹುಡುಗೀರ ಹಾಡಿನ ಹುಚ್ಚು ಎಷ್ಟಿತ್ತು ಅಂದ್ರೆ ಮೊದಲ ಎರಡು ಎಲ್‌ಪಿಯಲ್ಲೇ ಶಿರೆಲ್ಸ್‌ದು ಎರಡು, ಕುಕೀಸ್‌ದು ಒಂದು, ಮಾರ್ವೆಲೆಟ್ಸ್‌ದು ಒಂದು, ಡೋನೇಸ್‌ದು ಒಂದು.)

ಡೋನೇಸ್‌ನಲ್ಲಿ ಮುಂದೆ ನಿಂತು ಹಾಡಿದ್ದು ಇವಾನ್ ವರ್ನೀ. ಮುಂದೆ 1971ರಲ್ಲಿ ಮೋಟೌನ್ ಕಂಪನಿಯ ದ ಎಲ್ಜಿನ್ಸ್ ಗುಂಪಿನ ಐದು ವರ್ಷ ಹಳೇ ಹಾಡೊಂದು ಇಂಗ್ಲೆಂಡಲ್ಲಿ ಇದ್ದಕ್ಕಿದ್ದಂಗೆ ಹಿಟ್ ಆಗಿ 3ನೇ ಸ್ಥಾನಕ್ಕೆ ಹೋಯ್ತು, ಟೂರ್ ಮಾಡೋಕೆ ಮೂಲ ಗಾಯಕಿ ಬರಲಿಲ್ಲ, ಅವರ ಜಾಗದಲ್ಲಿ ಹೋಗಿ ಹಾಡಿದ್ದು ಇದೇ ಇವಾನ್. ಅವರ ಹಾಡು ಪ್ರಪಂಚಕ್ಕೆ ಗೊತ್ತಾಗಿದ್ದು ಬೇರೆಯವರ ದನಿಯಲ್ಲಿ, ಅವರ ದನಿಗೆ ಸ್ಟೇಜ್ ಸಿಕ್ಕಿದ್ದು ಬೇರೆಯವರ ಹಾಡಿನಿಂದ. ನಾನು ಈ ರೆಕಾರ್ಡನ್ನ ಮೊದಲ ಸಲ ಕೇಳಿದಾಗ ಬೀಟಲ್ಸ್‌ದೇ ಒರಿಜಿನಲ್ ಅನ್ನೋ ಭಾವನೆ ಹೋಗೋಕೆ ಅರ್ಧ ನಿಮಿಷನೂ ಹಿಡೀಲಿಲ್ಲ. ಜಾರ್ಜ್ ಹಾಡಿದ್ರಲ್ಲಿ ಸಿಹಿ ಇದೆ, ಇವಾನ್ ಹಾಡಿದ್ರಲ್ಲಿ ಆ ಹುಡುಗ ಕೆಟ್ಟವನು ಅಂತ ಗೆಳತಿಯರು ಹೇಳ್ತಿದ್ರೂ ಒಪ್ಪದೇ ಇರೋ ಹುಡುಗಿಯ ಹಠ ಇದೆ.

ಪ್ರಶ್ನೆ: ಅಮೆರಿಕದಿಂದ ಅಳಿಯ ತಂದುಕೊಟ್ಟ 45 ನೋಡೋಕೆ ಹೊಸದರ ಹಾಗಿದೆ, ಹಾಕಿದ್ರೆ ಮಾತ್ರ ಸುಸ್ ಅಂತ ಮರಳು ಸುರಿದ ಶಬ್ದ. ತೊಳೆದರೂ ಹೋಗ್ತಿಲ್ಲ. (ಶಿವಮೊಗ್ಗ)

ಅದು ಬಹುಶಃ ವಿನೈಲ್ ಅಲ್ಲ, ಸ್ಟೈರೀನ್ ಅನ್ನೋ ಇನ್ನೊಂದು ಥರದ ಪ್ಲಾಸ್ಟಿಕ್. ಆ ಕಾಲದ ಅಮೆರಿಕದ ಸಿಂಗಲ್‌ಗಳಲ್ಲಿ ತುಂಬಾನೇ ಸ್ಟೈರೀನ್‌ದು, ಲಾಸ್ ಏಂಜಲೀಸ್‌ನ ಮೊನಾರ್ಕ್ ಫ್ಯಾಕ್ಟರಿಯಲ್ಲಿ ರಾಶಿಗಟ್ಟಲೆ ಮಾಡ್ತಿದ್ರು. ಕೈಯಲ್ಲಿ ಹಿಡಿದ್ರೆ ಗಟ್ಟಿ, ಬಗ್ಗಲ್ಲ, ಉಗುರಲ್ಲಿ ತಟ್ಟಿದ್ರೆ ಟಣ್ ಅನ್ನತ್ತೆ. ವಿನೈಲ್ ಮೆತ್ತಗೆ ಸ್ವಲ್ಪ ಬಗ್ಗತ್ತೆ. ಸ್ಟೈರೀನ್‌ದು ಏನು ಕಷ್ಟ ಅಂದ್ರೆ ಸವೆದುಹೋದ ಮುಳ್ಳಲ್ಲಿ, ಮುಳ್ಳು ಹಿಡಿದಿರೋ ಭಾರದ ಆರ್ಮ್‌ನಲ್ಲಿ ನಾಲ್ಕು ಸಲ ಹಾಕಿದ್ರೂ ಗೀರುಗಳ ಒಳಗೆ ತಿಂದುಬಿಡತ್ತೆ, ಮೇಲೆ ಮಾತ್ರ ಕನ್ನಡಿ ಥರ ಹೊಳೀತಿರತ್ತೆ. ನಾನೂ ಒಮ್ಮೆ ಫೋಟೋ ನೋಡಿ ದುಡ್ಡು ಕಳಿಸಿ, ಬಂದ ಮೇಲೆ ಹಾಕಿ ಕೂತು ಅತ್ತಿದ್ದೀನಿ, ಮಾರಿದವರು ವಾಪಸ್ ತಗೊಳ್ಳಲಿಲ್ಲ. ಅಲ್ಲಿಂದೀಚೆಗೆ ಫೋಟೋ ನೋಡಿ ತಗೊಳಲ್ಲ, ಹಾಕಿ ಕೇಳಿದ್ದೀರಾ ಅಂತ ಕೇಳ್ತೀನಿ, ಫೋನಲ್ಲೇ ಒಂದು ನಿಮಿಷ ಕೇಳಿಸಿ ಅಂತೀನಿ. ನಿಮ್ಮದು ಸವೆದಿದ್ರೆ ತೊಳೆದು ಪ್ರಯೋಜನ ಇಲ್ಲ, ಇನ್ಮೇಲೆ ಒಳ್ಳೇ ಮುಳ್ಳು ಹಾಕಿ ಉಳಿದಿರೋದನ್ನ ಉಳಿಸಿಕೊಳ್ಳಿ.

ಪ್ರಶ್ನೆ: ರೋನೆಟ್ಸ್ ಗುಂಪಿನ 'ಬಿ ಮೈ ಬೇಬಿ' ರೆಕಾರ್ಡಿನ ಹಿಂದುಗಡೆ ಹಾಡೇ ಇಲ್ಲ, ಬರೀ ವಾದ್ಯ. ಪ್ರಿಂಟ್ ತಪ್ಪಾ? (ಹಾಸನ)

ತಪ್ಪಲ್ಲ. ಡಿಸ್ಕ್ ಜಾಕಿಗಳು ರೆಕಾರ್ಡ್ ತಿರುಗಿಸಿ ಇನ್ನೊಂದು ಹಾಡು ಹಾಕಬಾರದು ಅಂತಲೇ ಸ್ಪೆಕ್ಟರ್ ಹಿಂದುಗಡೆ ಸ್ಟುಡಿಯೋ ವಾದ್ಯದವರ ಸುಮ್ಮನೆ ನುಡಿಸಾಟ ಹಾಕ್ತಿದ್ದ. ನಿಮ್ಮದರ ಹೆಸರು 'ಟೆಡೆಸ್ಕೋ ಆಂಡ್ ಪಿಟ್ಮನ್', ಟಾಮಿ ಟೆಡೆಸ್ಕೋ ಮತ್ತು ಬಿಲ್ ಪಿಟ್ಮನ್ ಅಂತ ಇಬ್ಬರು ಗಿಟಾರ್‌ನವರು. ಹಾಡು ಮುಗಿದು ಲೇಬಲ್ ಶುರುವಾಗೋ ಮುಂಚೆ ಖಾಲಿ ಜಾಗ ಇದೆಯಲ್ಲ, ಅಲ್ಲಿ ಬೆಳಕಿಗೆ ಹಿಡಿದು ನೋಡಿ, ಆ ಕಾಲದ ಎಷ್ಟೋ ಫಿಲ್ಲೀಸ್ ರೆಕಾರ್ಡಲ್ಲಿ 'ಫಿಲ್ + ಆನೆಟ್' ಅಂತ ಕೈಯಲ್ಲಿ ಕೆತ್ತಿರತ್ತೆ. ಆನೆಟ್ ಅವನ ಮೊದಲ ಹೆಂಡತಿ.

ಪ್ರಶ್ನೆ: ಅಲ್ರೀ ಮೇಡಮ್ಮಾರ, ಒಂದ್ ರೆಕಾರ್ಡಿಗೆ ಲಕ್ಷಗಟ್ಲೆ ರೊಕ್ಕ ಕೊಡ್ತಾರಂತ, ಖರೇನ ಏನ್ರಿ? (ಧಾರವಾಡ)

ಖರೇ ರೀ. ಫ್ರಾಂಕ್ ವಿಲ್ಸನ್ ಅನ್ನೋರ 1965ರ ಮೋಟೌನ್ ಸಿಂಗಲ್ ಒಂದು 2020ರಲ್ಲಿ ಒಂದು ಲಕ್ಷ ಪೌಂಡಿಗೆ ಮಾರಾಟ ಆಗಿದೆ, ಅಂದ್ರೆ ನಮ್ಮ ದುಡ್ಡಲ್ಲಿ ಕೋಟಿ ಹತ್ರ. ಹುಡುಗೀರ ಗುಂಪುಗಳಲ್ಲಿ ಎಲ್ಲರೂ ಕನಸು ಕಾಣೋದು ಫಿಲ್ಲೀಸ್ 111, ಕ್ರಿಸ್ಟಲ್ಸ್ ಹೆಸರಲ್ಲಿ 1963ರಲ್ಲಿ ಬೆರಳೆಣಿಕೆಯಷ್ಟು ಪ್ರೋಮೋ (ಮಾರೋಕಲ್ಲದ) ಕಾಪಿ ಮಾತ್ರ ಮಾಡಿದ್ದು, ಅಂಗಡಿಗೇ ಬಂದಿಲ್ಲ. ಆದ್ರೆ ಒಂದು ಮಾತು, ಅದು ಕೇಳೋಕೆ ಒಳ್ಳೇ ಹಾಡೇ ಅಲ್ಲ. ಅದರ ಬದಲು ರೆಪರಾಟಾ ಆಂಡ್ ದ ಡೆಲ್ರಾನ್ಸ್ ಗುಂಪಿನ 1968ರ 'ಕ್ಯಾಪ್ಟನ್ ಆಫ್ ಯುವರ್ ಶಿಪ್' ಅಮೆರಿಕದಲ್ಲಿ ಓಡದೇ ಇಂಗ್ಲೆಂಡಲ್ಲಿ ಓಡಿದ್ದು, ಅಲ್ಲಿನ ಕಾಪಿಗಳು ಇನ್ನೂ ಸಿಗ್ತವೆ, ಅದರ ಖುಷಿ 111ರಲ್ಲಿಲ್ಲ. ರೇಟು ನೋಡಿ ಕೊಳ್ಳಬ್ಯಾಡ್ರಿ.

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಬೀಟಲ್ಸ್‌ನ ದಪ್ಪ 78 ಪ್ಲೇಟು ಸಿಕ್ಕಿದೆ, ಬೂಸಲು ಹಿಡಿದಿದೆ. ಬೀಟಲ್ಸ್ 78 ಅಂತ ಇತ್ತಾ? ಸ್ಪಿರಿಟ್ ಹಾಕಿ ಒರೆಸಲಾ? (ಉಡುಪಿ)

ಅಯ್ಯೋ ಸ್ಪಿರಿಟ್ ಮುಟ್ಟಿಸಬೇಡಿ! 78 ಅಂದ್ರೆ ಅರಗು, ಸ್ಪಿರಿಟ್ಟಿಗೆ ಕರಗತ್ತೆ. ಡಿಸ್ಟಿಲ್ಡ್ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಗೀರಿನ ಗುಂಟ ಒರೆಸಿ, ಲೇಬಲ್ ಒದ್ದೆ ಆಗಬಾರದು, ನೆರಳಲ್ಲಿ ಒಣಗಿಸಿ, ಆಮೇಲೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಬೀಟಲ್ಸ್ 78 ಖಂಡಿತ ಇತ್ತು, ಅದೂ ನಮ್ಮ ದೇಶದಲ್ಲೇ, ಕಲ್ಕತ್ತದ ಡಂಡಂ ಫ್ಯಾಕ್ಟರಿಯಲ್ಲಿ ಅಚ್ಚಾಗಿದ್ದು. ಹೊರದೇಶದಲ್ಲಿ 78 ನಿಂತುಹೋದ ಮೇಲೂ ಕೀ ಕೊಡೋ ಗ್ರಾಮಫೋನ್ ಇಟ್ಕೊಂಡಿದ್ದ ನಮ್ಮ ಜನಕ್ಕೋಸ್ಕರ ಮಾಡ್ತಿದ್ರು. ಹೊರಗಿನ ಸಂಗ್ರಹಕಾರರು ಅದಕ್ಕೆ ಕಾದು ಕೂತಿರ್ತಾರೆ, ಯಾರಾದ್ರೂ ಬಂದು ಐನೂರು ಕೊಡ್ತೀನಿ ಅಂದ್ರೆ ಕೊಡಬೇಡಿ.

ಪ್ರಶ್ನೆ: ಸ್ಪೆಕ್ಟರ್ ಕೊಲೆ ಕೇಸಲ್ಲಿ ಜೈಲು ಶಿಕ್ಷೆ ಅನುಭವಿಸ್ತಿರುವಾಗಲೇ ಸತ್ತವನು. ಅವನ ರೆಕಾರ್ಡ್ ಇಟ್ಕೊಳ್ಳೋದು ಸರಿನಾ? (ಹೆಸರು ಬೇಡ)

ನನಗೂ ಈ ಪ್ರಶ್ನೆ ಕಾಡಿದೆ. 2003ರಲ್ಲಿ ನಟಿ ಲಾನಾ ಕ್ಲಾರ್ಕ್‌ಸನ್ ಅವರನ್ನ ಕೊಂದ, 2009ರಲ್ಲಿ ಶಿಕ್ಷೆ ಆಯ್ತು, 2021ರಲ್ಲಿ ಸತ್ತ. ಅದಕ್ಕೂ ಮುಂಚೆ ಎರಡನೇ ಹೆಂಡತಿ, ರೋನೆಟ್ಸ್‌ನಲ್ಲಿ ಮುಂದೆ ನಿಂತು ಹಾಡ್ತಿದ್ದ ರೋನಿಗೆ ಕೊಟ್ಟ ಹಿಂಸೆ ಎಂಥದ್ದು ಅಂದ್ರೆ 1972ರಲ್ಲಿ ಆಕೆ ಬರಿಗಾಲಲ್ಲಿ ಮನೆ ಬಿಟ್ಟು ಓಡಿಹೋದ್ರು. 'ಬಿ ಮೈ ಬೇಬಿ' ಹಾಡಿದ ದನಿ ಅದು. ರೋನೆಟ್ಸ್ ಮೂವರಿಗೂ ಸೇರಿ ಮೊದಲಿಗೆ ಕೊಟ್ಟ ಸುಮಾರು 15 ಸಾವಿರ ಡಾಲರ್ ಬಿಟ್ರೆ ರಾಯಲ್ಟಿ ಅಂತ ಬಿಡಿಗಾಸು ಬಂದಿರಲಿಲ್ಲ, ಎಷ್ಟೋ ವರ್ಷ ಕೋರ್ಟಿಗೆ ಅಲೆದ್ರು. ಅವನ ಮೇಲಿನ ಸಿಟ್ಟಿಗೆ ರೆಕಾರ್ಡು ಹೊರಗೆ ಹಾಕಿದ್ರೆ ಹೊರಗೆ ಹೋಗೋದು ರೋನಿ ದನಿ, ಡಾರ್ಲೀನ್ ದನಿ. ಅದಕ್ಕೆ ನಾನು ಇಟ್ಕೊಂಡಿದ್ದೀನಿ. ನನ್ನ ಪೆಟ್ಟಿಗೆಯಲ್ಲಿ ಸ್ಪೆಕ್ಟರ್ ಅಂತ ವಿಭಾಗ ಇಲ್ಲ, ಹಾಡಿದವರ ಹೆಸರಲ್ಲೇ ಜೋಡಿಸಿದ್ದೀನಿ.

ಪ್ರಶ್ನೆ: ಅಕ್ಕಾ, ನಾನು ಮದುವೆಯಾಗಿ ನ್ಯೂಜೆರ್ಸಿಗೆ ಬಂದು ಎರಡು ವರ್ಷ. ಪಸೇಕ್ ಊರು ನಮಗೆ ಹತ್ರ. ಎಲ್ಲಿಂದ ಶುರು ಮಾಡಲಿ?

ತಂಗೀ, ನೀನಿರೋದು ತವರುಮನೆಯಲ್ಲೇ! ಶಿರೆಲ್ಸ್ ನಾಲ್ಕು ಜನವೂ ಪಸೇಕ್ ಹೈಸ್ಕೂಲಿನ ಹುಡುಗೀರು. ಶಾಲೆಯ ಕಾರ್ಯಕ್ರಮದಲ್ಲಿ ತಾವೇ ಕಟ್ಟಿದ ಹಾಡು ಹಾಡಿದ್ರು, ಸಹಪಾಠಿ ಒಬ್ಬಳು ನಮ್ಮಮ್ಮನ ಮುಂದೆ ಹಾಡಿ ಬನ್ನಿ ಅಂತ ಎಳ್ಕೊಂಡು ಹೋದ್ಲು. ಆ ಅಮ್ಮನೇ ಫ್ಲಾರೆನ್ಸ್ ಗ್ರೀನ್‌ಬರ್ಗ್, ಮನೆ ನೋಡ್ಕೊಂಡಿದ್ದ ಹೆಂಗಸು, ಮುಂದೆ ಸೆಪ್ಟರ್ ಅಂತ ರೆಕಾರ್ಡ್ ಕಂಪನಿನೇ ಕಟ್ಟಿದ್ರು. ಹದಿನೆಂಟರ ಕ್ಯಾರೊಲ್ ಕಿಂಗ್ ಮತ್ತು ಗಂಡ ಜೆರ್ರಿ ಗಾಫಿನ್ ಕೊಟ್ಟ 'ವಿಲ್ ಯು ಲವ್ ಮಿ ಟುಮಾರೋ' 1961ರ ಜನವರಿಯಲ್ಲಿ ನಂಬರ್ ಒನ್ ಆಯ್ತು, ಕಪ್ಪು ಹುಡುಗೀರ ಗುಂಪೊಂದು ಅಮೆರಿಕದ ಹಾಟ್ 100 ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದಿದ್ದು ಅದೇ ಮೊದಲು. ಈ ರಾತ್ರಿ ಕಳೆದು ನಾಳೆ ಬೆಳಗಾದಮೇಲೂ ನನ್ನ ಮೇಲೆ ಪ್ರೀತಿ ಇರತ್ತಾ ಅಂತ ಒಂದು ಹುಡುಗಿ ನೇರವಾಗಿ ಕೇಳ್ತಾಳೆ, 1960ರಲ್ಲಿ ಅದನ್ನ ಹಾಡಿ ಹೇಳೋಕೆ ಎಷ್ಟು ಧೈರ್ಯ ಬೇಕು. ಹೈಸ್ಕೂಲಿನ ಹತ್ರದ ರಸ್ತೆಗೆ ಈಗ ಶಿರೆಲ್ಸ್ ಬುಲೆವಾರ್ಡ್ ಅಂತ ಹೆಸರಿದೆ, ಮೊದಲು ಅಲ್ಲಿ ಒಂದು ಸುತ್ತು ಹೋಗಿ ಬಾ. ಆಮೇಲೆ ಶನಿವಾರ ಬೆಳಗ್ಗೆ ಗ್ಯಾರೇಜ್ ಸೇಲ್‌ಗಳು, ಚರ್ಚಿನವರು ಹಾಕೋ ಹಳೇ ಸಾಮಾನಿನ ಮಾರಾಟ, ಅಲ್ಲೆಲ್ಲ ಪುಸ್ತಕದ ಟೇಬಲ್ ಕೆಳಗಿರೋ ಡಬ್ಬ ಕೆದಕು. ಡಾಲರ್‌ಗೊಂದು ಸಿಗತ್ತೆ. ಗೊತ್ತಿಲ್ಲದ ಗ್ರೂಪಿನ ಹೆಸರು, ಊರಿನ ಚಿಕ್ಕ ಕಂಪನಿ ಲೇಬಲ್ ಕಂಡ್ರೆ ಬಿಡಬೇಡ. ಮಾರೋ ಅಜ್ಜಿ ಹತ್ರ ಇದು ಯಾರು ಹಾಡಿದ್ದು ಅಂತ ಕೇಳು, ಕೆಲವೊಮ್ಮೆ ಆ ಅಜ್ಜಿನೇ ಹಿಂದೆ ನಿಂತು ಶೂಪ್ ಶೂಪ್ ಅಂದಿರ್ತಾರೆ. ಏನಾದ್ರೂ ಸಿಕ್ಕಿದ್ರೆ ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಕೆತ್ತಿರೋ ಅಕ್ಷರಗಳನ್ನೂ ಬರೆದು ಕಳಿಸು, ಮುಂದಿನ ಸಂಚಿಕೆಗೆ ಕೂತು ಹುಡುಕೋಣ.