‘ಬೇಡ’ ಎಂದವರಿಗೆ ಏನಾಗುತ್ತದೆ?

ಓದುಗರ ಪತ್ರ: ಹಿಂಸೆಗೊಳಗಾದ ಮಹಿಳೆಯರ ಆಶ್ರಯಧಾಮದಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಈಗ ಸಮಾಜಕಾರ್ಯ ವಿಭಾಗದಲ್ಲಿ ಸಂಶೋಧನೆಗೆ ಸೇರಿದ್ದೇನೆ. ವಸತಿ, ಮಕ್ಕಳ ರಕ್ಷಣೆ, ಮಾನಸಿಕ ಆರೋಗ್ಯ, ಅಂಗವಿಕಲರ ಸೇವೆ ಮುಂತಾದ ಸಂಸ್ಥೆಗಳು ತಮ್ಮಲ್ಲಿಗೆ ಬಂದವರ ಮಾಹಿತಿಯನ್ನು ಪರಸ್ಪರ ಹೇಗೆ ಹಂಚಿಕೊಳ್ಳುತ್ತವೆ, ಅದರಲ್ಲಿ ಜವಾಬ್ದಾರಿ ಎಷ್ಟಿದೆ ಎಂಬುದು ನನ್ನ ವಿಷಯ. ಸಂಸ್ಥೆಗಳ ನಡುವಿನ ಒಪ್ಪಂದಗಳನ್ನು ಸಂಗ್ರಹಿಸಿ ಹೋಲಿಸಿದರೆ ಸಾಕೇ? ‘ಹಂಚದಿರುವುದೇ ಸುರಕ್ಷಿತ’ ಎನ್ನುವ ನನ್ನ ಹಳೆಯ ಸಹೋದ್ಯೋಗಿಗಳ ಮಾತು ಸರಿಯೇ? ಹೆಸರು ತೆಗೆದ ಮೇಲೆ ಭಯವಿಲ್ಲ ತಾನೆ? ಅಧ್ಯಯನ ಮುಗಿದಾಗ ಅದನ್ನು ಮೊದಲು ಯಾರಿಗೆ ತೋರಿಸಬೇಕು? (ಹೆಸರು ಪ್ರಕಟಿಸಬೇಡಿ ಎಂದು ಕೋರಿದ್ದಾರೆ.)

ಸಂಪಾದಕರ ಉತ್ತರ:

ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಅದು ಇತ್ಯರ್ಥವಾಗದೆ ಉಳಿದವಕ್ಕೆ ಕಾಲೂರಲು ನೆಲವಿಲ್ಲ.

ಹಂಚದಿರುವುದು ಸುರಕ್ಷಿತವಲ್ಲ. ಫೆಬ್ರುವರಿ 2000ದಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಹುಡುಗಿ ತನ್ನನ್ನು ಸಾಕಲು ಕರೆತಂದವರ ಕೈಯಲ್ಲೇ ಹಿಂಸೆ ಅನುಭವಿಸಿ ಸತ್ತಳು. ಆಕೆಯನ್ನು ಯಾರೂ ಕಂಡಿರಲಿಲ್ಲ ಎನ್ನುವ ಹಾಗಿಲ್ಲ. ಎರಡು ಆಸ್ಪತ್ರೆಗಳು ಕಂಡಿದ್ದವು, ಪೊಲೀಸರಿಗೆ ಗೊತ್ತಿತ್ತು, ಒಂದಕ್ಕಿಂತ ಹೆಚ್ಚು ಸ್ಥಳೀಯ ಆಡಳಿತಗಳ ಸಮಾಜ ಸೇವಾ ವಿಭಾಗಗಳಲ್ಲಿ ಆಕೆಯ ಕಡತವಿತ್ತು. ಲಾರ್ಡ್ ಲ್ಯಾಮಿಂಗ್ ಅವರ ವಿಚಾರಣಾ ವರದಿ 2003ರಲ್ಲಿ ಹೊರಬಂದಾಗ, ಆಕೆಯನ್ನು ಉಳಿಸಬಹುದಾಗಿದ್ದ 12 ಅವಕಾಶಗಳು ಕೈತಪ್ಪಿದ್ದವು ಎಂದು ತಿಳಿಯಿತು. ಒಬ್ಬೊಬ್ಬರ ಹತ್ತಿರ ಒಂದೊಂದು ತುಂಡು ಸುದ್ದಿ ಇತ್ತು. ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದವರಿಲ್ಲ, ಕೇಳಬೇಕಾದ್ದನ್ನು ಕೇಳಿದವರೂ ಇಲ್ಲ. ನಿಮ್ಮ ಸಹೋದ್ಯೋಗಿಗಳ ಎಚ್ಚರಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಬಾಯಿಮುಚ್ಚಿ ಕೂತದ್ದಕ್ಕೂ ಜೀವ ಹೋಗಿದೆ ಎಂಬುದನ್ನು ನಿಮ್ಮ ಪ್ರಬಂಧ ಮೊದಲ ಅಧ್ಯಾಯದಲ್ಲೇ ಒಪ್ಪಿಕೊಳ್ಳಬೇಕು.

ಆ ದುರಂತದ ನಂತರ ಆದದ್ದನ್ನೂ ಓದಿ. ಇಂಗ್ಲೆಂಡಿನ ಎಲ್ಲ ಮಕ್ಕಳ, ಅಂದರೆ ಸುಮಾರು 1.1 ಕೋಟಿ ಮಕ್ಕಳ, ಹೆಸರು, ವಿಳಾಸ, ಶಾಲೆ, ವೈದ್ಯರು, ಅವರ ಜತೆ ಕೆಲಸ ಮಾಡುತ್ತಿರುವ ಸೇವೆಗಳು ಇವೆಲ್ಲ ಇರುವ ‘ಕಾಂಟ್ಯಾಕ್ಟ್‌ಪಾಯಿಂಟ್’ ಎಂಬ ಡೇಟಾಬೇಸ್ ಕಟ್ಟಿದರು. ಅದರಲ್ಲಿ ಕೇಸಿನ ಟಿಪ್ಪಣಿಗಳು ಇರಲಿಲ್ಲ, ಆದರೆ ಲಕ್ಷಗಟ್ಟಲೆ ನೌಕರರಿಗೆ ಅದನ್ನು ತೆರೆದು ನೋಡುವ ಅವಕಾಶ ಕೊಡುವ ಯೋಜನೆಯಿತ್ತು. ಆಗಸ್ಟ್ 2010ರಲ್ಲಿ ಹೊಸ ಸರ್ಕಾರ ಅದನ್ನು ಮುಚ್ಚಿತು. ಅಪಾಯದಲ್ಲಿದ್ದ ಒಬ್ಬ ಹುಡುಗಿಯ ಬಗ್ಗೆ ನಾಲ್ಕು ಕಚೇರಿಗಳು ಮಾತಾಡಿಕೊಳ್ಳದೇ ಹೋದದ್ದಕ್ಕೆ ಪರಿಹಾರವಾಗಿ, ಅಪಾಯವೇ ಇಲ್ಲದ ಕೋಟಿ ಮಕ್ಕಳ ವಿವರ ಒಂದೆಡೆ ರಾಶಿ ಬಿತ್ತು. ಯಾರ ಬಗ್ಗೆ, ಯಾವ ಕಾರಣಕ್ಕೆ, ಯಾರಿಗೆ ಎಂಬುದನ್ನು ಬಿಗಿಯಾಗಿ ಕೇಳದೆ ‘ಹಂಚಿಕೊಳ್ಳಿ’ ಎಂದಷ್ಟೇ ಹೇಳಿದರೆ ಆಗುವುದು ಇದೇ.

ಈಗ ಮೊದಲ ಪ್ರಶ್ನೆ. ಒಪ್ಪಂದಗಳನ್ನು ಹೋಲಿಸಿದರೆ ಸಾಕೇ? ಸಾಲದು. ಒಪ್ಪಂದಗಳನ್ನು ವಕೀಲರು ಬರೆದಿರುತ್ತಾರೆ, ಅವು ಬಹುಮಟ್ಟಿಗೆ ಚೆನ್ನಾಗಿಯೇ ಇರುತ್ತವೆ. ಉದ್ದೇಶ, ಅವಧಿ, ಭದ್ರತೆ, ನಾಶಪಡಿಸುವ ಕ್ರಮ ಎಲ್ಲವೂ ಇರುತ್ತದೆ. ಅವನ್ನು ಓದಿ, ಪಟ್ಟಿ ಮಾಡಿ, ಒಂದು ಅಧ್ಯಾಯ ಬರೆಯಿರಿ. ಅಲ್ಲಿಗೆ ನಿಲ್ಲಿಸಿದರೆ ಸಂಸ್ಥೆಗಳು ತಮ್ಮ ಬಗ್ಗೆ ಏನು ಹೇಳಿಕೊಳ್ಳುತ್ತವೆ ಎಂಬುದಷ್ಟೇ ನಿಮಗೆ ಸಿಕ್ಕಿರುತ್ತದೆ. ನೀವು ಹುಡುಕಬೇಕಾದದ್ದು ಒಂದೇ ಪ್ರಶ್ನೆಯ ಉತ್ತರ: ಸಹಾಯ ಕೇಳಿ ಬಂದ ವ್ಯಕ್ತಿ ‘ನನ್ನ ವಿವರ ಬೇರೆಯವರಿಗೆ ಕೊಡಬೇಡಿ’ ಎಂದರೆ ಅವರಿಗೆ ಏನಾಗುತ್ತದೆ? ಊಟ, ಹಾಸಿಗೆ, ಔಷಧಿ, ಸಮಾಲೋಚನೆ ಇವು ಮೊದಲಿನಂತೆಯೇ ಸಿಗುತ್ತವೆಯೇ? ಸಿಗುವುದಿಲ್ಲ ಎಂದಾದರೆ ಅವರ ಸಹಿಗೆ ಸಮ್ಮತಿ ಎಂದು ಹೆಸರಿಡಲಾಗದು. ನನ್ನ ಮಟ್ಟಿಗೆ ಜವಾಬ್ದಾರಿಯ ಪರೀಕ್ಷೆ ಇಲ್ಲೇ ಆಗುತ್ತದೆ, ಗೂಢಲಿಪಿಯಲ್ಲಾಗಲೀ ಪಾಸ್‌ವರ್ಡಿನಲ್ಲಾಗಲೀ ಅಲ್ಲ.

ಇದಕ್ಕೆ ನನಗೆ ಗೊತ್ತಿರುವ ಅತಿ ಸ್ಪಷ್ಟ ಪ್ರಕರಣ ನ್ಯೂಜಿಲೆಂಡಿನದು. ಅಲ್ಲಿನ ಸಾಮಾಜಿಕ ಅಭಿವೃದ್ಧಿ ಸಚಿವಾಲಯ, ತನ್ನಿಂದ ಅನುದಾನ ಪಡೆಯುವ ಸ್ವಯಂಸೇವಾ ಸಂಸ್ಥೆಗಳಿಗೆ ಹೊಸ ಷರತ್ತು ಹಾಕಿತು. ಎಷ್ಟು ಜನರಿಗೆ ಸೇವೆ ಕೊಟ್ಟಿರಿ ಎಂಬ ಲೆಕ್ಕ ಸಾಲದು, ಒಬ್ಬೊಬ್ಬರ ಹೆಸರು, ಹುಟ್ಟಿದ ದಿನಾಂಕ, ವಿಳಾಸ, ಜನಾಂಗದ ವಿವರವನ್ನೂ ಕೊಡಬೇಕು ಎಂದಿತು. ಉದ್ದೇಶ ಕೆಟ್ಟದ್ದಾಗಿರಲಿಲ್ಲ, ಯಾವ ಸೇವೆಯಿಂದ ನಿಜಕ್ಕೂ ಉಪಯೋಗವಾಗುತ್ತಿದೆ ಎಂದು ತಿಳಿಯಬೇಕಿತ್ತು. ಆದರೆ ಆ ಸಂಸ್ಥೆಗಳ ಬಾಗಿಲಿಗೆ ಬರುವವರಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿದ್ದರು, ಸರ್ಕಾರಿ ಕಚೇರಿ ಎಂದರೆ ಹೆದರುವವರಿದ್ದರು. ಏಪ್ರಿಲ್ 2017ರಲ್ಲಿ ಅಲ್ಲಿನ ಗೋಪ್ಯತಾ ಆಯುಕ್ತರು ವಿಚಾರಣೆ ಮುಗಿಸಿ, ಕೇಳಿದ ಮಾಹಿತಿ ಉದ್ದೇಶದ ಅಳತೆ ಮೀರಿದೆ ಎಂದರು. ಜನ ಸಹಾಯ ಕೇಳಲು ಬರುವುದನ್ನೇ ಬಿಡಬಹುದು, ಬಂದರೂ ಸುಳ್ಳು ವಿವರ ಕೊಡಬಹುದು ಎಂಬುದು ಅವರ ಮುಖ್ಯ ಆತಂಕ. ಕೊನೆಗೆ ಆ ಷರತ್ತನ್ನು ಸರ್ಕಾರ ಕೈಬಿಟ್ಟಿತು.

ಇಲ್ಲಿ ಒಂದು ಕ್ಷಣ ನಿಲ್ಲಿ. ಸುಳ್ಳು ಹೆಸರು ಕೊಟ್ಟವರು ಲೆಕ್ಕದಲ್ಲಿ ಬೇರೆಯವರಾಗಿ ಕಾಣುತ್ತಾರೆ, ಬಾರದೇ ಉಳಿದವರು ಲೆಕ್ಕದಲ್ಲೇ ಇರುವುದಿಲ್ಲ. ಯಾವ ಸೇವೆ ಫಲ ಕೊಡುತ್ತಿದೆ ಎಂದು ತಿಳಿಯಲು ಕೇಳಿದ ಮಾಹಿತಿಯೇ ಆ ತಿಳಿವಳಿಕೆಯನ್ನು ಕೆಡಿಸುತ್ತದೆ. ಗೋಪ್ಯತೆ ಒಂದು ಕಡೆ, ಒಳ್ಳೆಯ ಸಂಶೋಧನೆ ಇನ್ನೊಂದು ಕಡೆ, ಎರಡರ ನಡುವೆ ಜಗ್ಗಾಟ ಎಂದು ಬಹಳ ಮಂದಿ ಬರೆಯುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ನಂಬಿಕೆ ಹೋದ ಕಡೆ ಅಂಕಿ‌ಅಂಶವೂ ಹಾಳು.

ನಿಮ್ಮ ಹಳೆಯ ಕ್ಷೇತ್ರದಲ್ಲಿಯೇ ಕಾನೂನು ಇದನ್ನು ಗುರುತಿಸಿದ ಉದಾಹರಣೆಯಿದೆ. ಅಮೆರಿಕದಲ್ಲಿ ಮನೆಯಿಲ್ಲದವರಿಗೆ ಸೇವೆ ಕೊಡುವ ಸಂಸ್ಥೆಗಳು ಸಾಮಾನ್ಯವಾಗಿ ಒಂದು ಸಾಮೂಹಿಕ ಮಾಹಿತಿ ವ್ಯವಸ್ಥೆಗೆ ವಿವರ ತುಂಬುತ್ತವೆ. ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ ಕಾಯಿದೆಯ 2005ರ ತಿದ್ದುಪಡಿ, ಹಿಂಸೆಗೊಳಗಾದವರಿಗೆ ಆಶ್ರಯ ಕೊಡುವ ಸಂಸ್ಥೆಗಳು ಅವರ ಗುರುತು ಸಿಗುವ ವಿವರವನ್ನು ಆ ವ್ಯವಸ್ಥೆಗೆ ಹಾಕದಂತೆ ತಡೆಯಿತು. ಅವು ಬೇರೆಯದೇ ಡೇಟಾಬೇಸ್ ಇಟ್ಟುಕೊಂಡು ಒಟ್ಟು ಸಂಖ್ಯೆಗಳನ್ನಷ್ಟೇ ಕೊಡುತ್ತವೆ. ಹುಡುಕಿಕೊಂಡು ಬರುವ ಗಂಡನಿಗೆ ವಿಳಾಸ ಗೊತ್ತಾದರೆ ಏನಾಗುತ್ತದೆ ಎಂಬುದನ್ನು ನಿಮಗೆ ನಾನು ವಿವರಿಸಬೇಕಿಲ್ಲ.

ಅಧ್ಯಯನ ಮಾಡುವುದು ಹೇಗೆ ಎಂದು ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳುತ್ತೇನೆ. ಬಂದವರ ವಿವರ ಬರೆದುಕೊಳ್ಳುವ ನಮೂನೆಯ ಒಂದೇ ಒಂದು ಕಾಲಂ ಆರಿಸಿಕೊಂಡು ಅದು ಹೋದ ದಾರಿಯಲ್ಲೆಲ್ಲ ಹೋಗಿ. ನಾನಾದರೆ ಕೊನೆಯಲ್ಲಿರುವ ‘ಷರಾ’ ಕಾಲಂ ಆರಿಸಿಕೊಳ್ಳುತ್ತೇನೆ. ಉಳಿದ ಕಾಲಂಗಳಿಗೆ ಅಳತೆಯಿದೆ, ಇದಕ್ಕಿಲ್ಲ. ರಾತ್ರಿ ಹನ್ನೊಂದಕ್ಕೆ ಬಂದ ಹೆಂಗಸಿನ ಮಾತು ಕೇಳಿಸಿಕೊಂಡ ಸಮಾಲೋಚಕಿ ಅಲ್ಲಿ ‘ಭಯದಿಂದ ನಿದ್ದೆಯಿಲ್ಲ, ಮಾತ್ರೆ ತೆಗೆದುಕೊಳ್ಳುತ್ತಾರೆ’ ಎಂದು ಬರೆಯುತ್ತಾರೆ ಎಂದುಕೊಳ್ಳಿ. ಮುಂದಿನ ಪಾಳಿಯವರು ಎಚ್ಚರದಿಂದ ನೋಡಿಕೊಳ್ಳಲಿ ಎಂಬುದು ಆ ಸಾಲಿನ ಉದ್ದೇಶ. ವಸತಿ ಸಂಸ್ಥೆಗೆ ಕಡತ ಹೋದಾಗ ಅಲ್ಲಿನ ತಂತ್ರಾಂಶದಲ್ಲಿ ಷರಾ ಇಲ್ಲ, ‘ಮಾದಕ ವಸ್ತು ಬಳಕೆ: ಹೌದು/ಇಲ್ಲ’ ಎಂಬ ಎರಡು ಚೌಕಗಳಿವೆ. ಅವಸರದಲ್ಲಿದ್ದ ಡೇಟಾ ಎಂಟ್ರಿ ನೌಕರ ‘ಹೌದು’ ಒತ್ತುತ್ತಾನೆ. ಆರು ತಿಂಗಳ ಮೇಲೆ ಮಗು ಯಾರ ಬಳಿ ಇರಬೇಕು ಎಂಬ ವಿಚಾರಣೆಯಲ್ಲಿ ಆ ‘ಹೌದು’ ತಾಯಿಯ ಎದುರು ಬಂದು ನಿಲ್ಲುತ್ತದೆ. ಎಲ್ಲೂ ಕಳ್ಳತನವಾಗಿಲ್ಲ, ಒಪ್ಪಂದದ ಒಂದು ಕಲಮೂ ಮುರಿದಿಲ್ಲ, ಎಲ್ಲರೂ ತಮ್ಮ ಕೆಲಸ ಮಾಡಿದ್ದಾರೆ.

ತತ್ತ್ವಶಾಸ್ತ್ರಜ್ಞೆ ಹೆಲೆನ್ ನಿಸೆನ್‌ಬಾಮ್ 2004ರಿಂದ ವಾದಿಸುತ್ತ ಬಂದಿರುವುದು ಹೆಚ್ಚುಕಡಿಮೆ ಇದನ್ನೇ. ಮಾಹಿತಿ ಗುಟ್ಟೋ ಬಹಿರಂಗವೋ ಎನ್ನುವುದು ಮುಖ್ಯವಲ್ಲ, ಯಾವ ಸಂದರ್ಭದಲ್ಲಿ ಯಾವ ನಿರೀಕ್ಷೆಯಿಂದ ಹೇಳಿದ್ದು ಆ ನಿರೀಕ್ಷೆಗೆ ತಕ್ಕಂತೆಯೇ ಮುಂದೆ ಹರಿಯಿತೇ ಎನ್ನುವುದು ಮುಖ್ಯ. ಹಾಗಾಗಿ ನೀವು ಷರಾ ಬರೆಯುವವರ ಪಕ್ಕದಲ್ಲಿ ಕುಳಿತು ನೋಡಿ, ಅದನ್ನು ಎರಡನೆಯ ಕಚೇರಿಯಲ್ಲಿ ಓದುವವರ ಪಕ್ಕದಲ್ಲೂ ಕುಳಿತು ನೋಡಿ. ಇಬ್ಬರಿಗೂ ಒಂದೇ ಸಾಲು ತೋರಿಸಿ, ‘ಇದರ ಅರ್ಥವೇನು?’ ಎಂದು ಕೇಳಿ. ನೀವೇ ಬರೆದ ಕಾಲ್ಪನಿಕ ಸಾಲುಗಳು ಇದಕ್ಕೆ ಸಾಕು. ನಿಜವಾದ ಕಡತ ಮುಟ್ಟುವ ಅಗತ್ಯವಿಲ್ಲ. ಹಳೆಯ ಕಚೇರಿಯ ಸಲುಗೆಯಿಂದ ಕಡತ ನೋಡಲು ಸಿಕ್ಕರೂ ದಯವಿಟ್ಟು ನೋಡಬೇಡಿ. ಅಲ್ಲಿಗೆ ಬಂದವರು ನಿಮಗೆ ಹೇಳಿಕೊಂಡಿದ್ದು ಸಮಾಲೋಚಕಿಗೆ, ಸಂಶೋಧಕಿಗೆ ಅಲ್ಲ.

ಒಬ್ಬರ ಬಗ್ಗೆ ಬೇರೆ ಬೇರೆ ಕಚೇರಿಗಳಲ್ಲಿರುವ ದಾಖಲೆ ಜೋಡಿಸುವ ಹಂತವನ್ನೂ ನೋಡಿ. ಒಂದೇ ಹೆಸರು ಒಂದು ಕಡೆ ಹ್ರಸ್ವ, ಇನ್ನೊಂದು ಕಡೆ ದೀರ್ಘ. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಜನವರಿ 1 ಎಂದು ಬರೆಯುವ ಅಭ್ಯಾಸ ನಿರಾಶ್ರಿತರ ದಾಖಲೆಗಳಲ್ಲಿ ಎಷ್ಟು ಸಾಮಾನ್ಯ ಎಂದರೆ, ದಿನಾಂಕ ನೋಡಿ ಜೋಡಿಸಿದರೆ ಇಬ್ಬರು ಒಬ್ಬರಾಗಿಬಿಡಬಹುದು. ತಪ್ಪಾಗಿ ಜೋಡಿಸಿದ್ದನ್ನು ಬಿಡಿಸಲು ಯಾರಿಗೆ ಅಧಿಕಾರವಿದೆ, ಆ ವ್ಯಕ್ತಿಗೆ ಅದು ತಿಳಿಯುವುದಾದರೂ ಹೇಗೆ ಎಂದು ವಿಚಾರಿಸಿ. ಹೊಂದಾಣಿಕೆ ಕೆಟ್ಟರೆ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ಆಸ್ಟ್ರೇಲಿಯಾ ಸರ್ಕಾರದ ‘ರೋಬೊಡೆಟ್’ ಎಂಬ ಸಾಲ ವಸೂಲಿ ಯೋಜನೆ ಸಾಕ್ಷಿ. ತೆರಿಗೆ ಇಲಾಖೆಯ ವಾರ್ಷಿಕ ಆದಾಯವನ್ನು ಎರಡೆರಡು ವಾರಗಳ 26 ಅವಧಿಗಳಿಗೆ ಸಮನಾಗಿ ಹಂಚಿ, ನೆರವು ಪಡೆದವರು ಹೆಚ್ಚು ಪಡೆದಿದ್ದಾರೆ ಎಂದು ಲಕ್ಷಾಂತರ ಜನರ ತಲೆಗೆ ಸಾಲ ಕಟ್ಟಿದರು. ಕೆಲಸ ಕೆಲವು ತಿಂಗಳು ಇದ್ದು ಕೆಲವು ತಿಂಗಳು ಇಲ್ಲದವರಿಗೆ ಆ ಲೆಕ್ಕ ಹೊಂದುವುದೇ ಇಲ್ಲ. ಇದರ ವಿಚಾರಣೆ ನಡೆಸಿದ ರಾಯಲ್ ಕಮಿಷನ್ನಿನ ಜುಲೈ 2023ರ ವರದಿಯನ್ನು ಪೂರ್ತಿ ಓದಿ, ಅದು ನಿಮ್ಮ ವಿಷಯಕ್ಕೆ ಪಠ್ಯವಿದ್ದಂತೆ.

ಹೆಸರು ತೆಗೆದರೆ ಭಯವಿಲ್ಲವೇ? ಇದೆ. ಮ್ಯಾಸಚೂಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿತ್ತು. 1997ರಲ್ಲಿ, ಆಗ ಎಂಐಟಿಯಲ್ಲಿ ವಿದ್ಯಾರ್ಥಿನಿಯಾಗಿದ್ದ ಲತಾನ್ಯಾ ಸ್ವೀನಿ 20 ಡಾಲರಿಗೆ ಕೇಂಬ್ರಿಜ್ ನಗರದ ಮತದಾರರ ಪಟ್ಟಿ ಕೊಂಡು, ಹುಟ್ಟಿದ ದಿನಾಂಕ, ಲಿಂಗ, ಅಂಚೆ ಸಂಕೇತ ಈ ಮೂರನ್ನು ತಾಳೆ ನೋಡಿ, ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆಯನ್ನೇ ಹುಡುಕಿ ತೆಗೆದರು. ನಿಮ್ಮ ಕ್ಷೇತ್ರದಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಒಂದು ಸಣ್ಣ ಸಂಸ್ಥೆಗೆ ವರ್ಷಕ್ಕೆ ಬರುವವರೇ ಕೆಲವರು. ‘ಕಿವುಡರು, ಗರ್ಭಿಣಿ, ವಯಸ್ಸು 18–20: ಸಂಖ್ಯೆ 1’ ಎಂಬ ಕೋಷ್ಟಕದ ಸಾಲು ಹೆಸರು ಬರೆದಷ್ಟೇ ಸ್ಪಷ್ಟ. ಹಾಗಾಗಿಯೇ ಇಂಥ ಸಣ್ಣ ಸಂಖ್ಯೆಗಳನ್ನು ಮರೆಮಾಡುವ ನಿಯಮ ಹಲವೆಡೆ ಇದೆ. ಬ್ರಿಟನ್ನಿನ ಅಂಕಿಅಂಶ ಕಚೇರಿಯಲ್ಲಿ ಹುಟ್ಟಿದ ‘ಐದು ಸುರಕ್ಷತೆ’ಗಳ ಚೌಕಟ್ಟು ದತ್ತಾಂಶವನ್ನಷ್ಟೇ ನೋಡದೆ ಯೋಜನೆ, ಬಳಸುವ ಜನ, ಬಳಸುವ ಜಾಗ, ಹೊರಬರುವ ಫಲಿತಾಂಶ ಇವನ್ನೂ ಪ್ರಶ್ನಿಸುತ್ತದೆ. ಅದನ್ನು ನಿಮ್ಮ ಸಂದರ್ಶನದ ಪ್ರಶ್ನಾವಳಿಗೆ ಬಳಸಿಕೊಳ್ಳಬಹುದು.

ಹೆಸರಿಲ್ಲದಿದ್ದರೂ ತಪ್ಪಾಗಬಹುದು ಎಂಬುದಕ್ಕೆ ಇನ್ನೊಂದು ಕಡೆ ನೋಡಿ. ಅಮೆರಿಕದ ‘ಕ್ರೈಸಿಸ್ ಟೆಕ್ಸ್ಟ್ ಲೈನ್’ ಆತ್ಮಹತ್ಯೆಯ ಯೋಚನೆಯಲ್ಲಿರುವವರೂ ಸಂದೇಶ ಕಳುಹಿಸುವ ಸಹಾಯವಾಣಿ. ಗುರುತು ತೆಗೆದ ಸಂಭಾಷಣೆಗಳನ್ನು ಅದು ಗ್ರಾಹಕ ಸೇವೆಯ ತಂತ್ರಾಂಶ ಮಾಡುವ ಲಾಭದ ಕಂಪನಿಯೊಂದಕ್ಕೆ ಕೊಡುತ್ತಿತ್ತು. ಜನವರಿ 2022ರಲ್ಲಿ ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ ನಿಲ್ಲಿಸಿತು. ಷರತ್ತುಗಳ ಕೊಂಡಿಯನ್ನು ಕಳುಹಿಸಿ ಸಮ್ಮತಿ ಪಡೆದಿದ್ದೇವೆ ಎಂಬುದು ಸಂಸ್ಥೆಯ ನಿಲುವಾಗಿತ್ತು. ಸಾಯಬೇಕೆಂದು ಅನ್ನಿಸುತ್ತಿರುವ ಹೊತ್ತಿನಲ್ಲಿ ಷರತ್ತು ಓದಿ ಒಪ್ಪುವವರು ಯಾರಿದ್ದಾರೆ? ಕಾನೂನಿನ ಪ್ರಕಾರ ಸರಿಯೇ, ನೈತಿಕವಾಗಿ ಸರಿಯೇ, ಮಾಡಲು ಯೋಗ್ಯವಾದ ಕೆಲಸವೇ ಎಂಬವು ಬೇರೆ ಬೇರೆ ಪ್ರಶ್ನೆಗಳು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸರ್ಕಾರಿ ಇಲಾಖೆಗಳ ದತ್ತಾಂಶ ಜೋಡಣೆಯ ಬಗ್ಗೆ ಕೆಲಸ ಮಾಡುವ ಎಐಎಸ್‌ಪಿ ತಂಡ ಈ ಮೂರರ ಜತೆ ನಾಲ್ಕನೆಯದನ್ನೂ ಕೇಳಿಸುತ್ತದೆ: ಇದು ನಮಗೆ ಹೇಗೆ ಗೊತ್ತು, ಯಾರು ತೀರ್ಮಾನಿಸಿದರು? ನಾಲ್ಕನೆಯ ಪ್ರಶ್ನೆಗೆ ಸಂಸ್ಥೆಗಳಲ್ಲಿ ಸಿಗುವ ಉತ್ತರಗಳೇ ನಿಮ್ಮ ಪ್ರಬಂಧದ ತಿರುಳಾಗಬಹುದು. ತೀರ್ಮಾನಿಸುವ ಮೇಜಿನ ಸುತ್ತ ಸೇವೆ ಪಡೆದವರು ಕುಳಿತಿದ್ದರೇ, ಅವರು ಬೇಡವೆಂದ ಯೋಜನೆ ಯಾವುದಾದರೂ ನಿಂತಿದೆಯೇ ಎಂದು ಕೇಳಿ. ನಿಂತ ಒಂದು ಯೋಜನೆಯ ಕಥೆ ಹತ್ತು ಒಪ್ಪಂದಗಳಿಗಿಂತ ಹೆಚ್ಚು ಹೇಳುತ್ತದೆ.

ಕೊನೆಯ ಪ್ರಶ್ನೆ, ಯಾರಿಗೆ ಮೊದಲು ತೋರಿಸಬೇಕು. ಯಾರ ವಿವರ ಹಂಚಿಕೆಯಾಯಿತೋ ಅವರಿಗೆ, ಅವರ ಭಾಷೆಯಲ್ಲಿ, ಅವರಿದ್ದಲ್ಲಿಗೇ ಹೋಗಿ. ಇದಕ್ಕೆ ಸಮಯ, ಹಣ ಎರಡೂ ಬೇಕು. ಪ್ರಸ್ತಾವದಲ್ಲಿ ಈಗಲೇ ತೆಗೆದಿಡಿ. ಜನವರಿ 2022ರಲ್ಲಿ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಸರ್ವರುಗಳಿಗೆ ಕನ್ನ ಬಿದ್ದು, ಕುಟುಂಬದಿಂದ ಬೇರೆಯಾದವರೂ ಸೇರಿ 5,15,000ಕ್ಕೂ ಹೆಚ್ಚು ಜನರ ವಿವರ ಬಯಲಾದಾಗ, ಆ ಸಮಿತಿ ಸುದ್ದಿಯನ್ನು ತಾನೇ ಹೊರಗೆಡವಿತು. ಬಾಧಿತರಿಗೆ ಫೋನು, ಪತ್ರ, ಸಾರ್ವಜನಿಕ ಪ್ರಕಟಣೆಗಳ ಮೂಲಕ ತಿಳಿಸಲು ಹೊರಟಿತು, ದೂರದ ಜಾಗಗಳಿಗೆ ಸಿಬ್ಬಂದಿಯನ್ನು ಕಳುಹಿಸಿ ಮುಖತಃ ಹೇಳಿಸಿತು. ನೀವು ಅಧ್ಯಯನ ಮಾಡುವ ಪ್ರತಿ ಸಂಸ್ಥೆಗೂ ಇದನ್ನು ಕೇಳಿ: ನಾಳೆ ನಿಮ್ಮಲ್ಲಿ ಹೀಗಾದರೆ, ಪಟ್ಟಿಯಲ್ಲಿರುವ ಎಲ್ಲರನ್ನೂ ತಲುಪುವ ದಾರಿ ಗೊತ್ತಿದೆಯೇ?

ಬರವಣಿಗೆ ಒಂದು ಹಂತಕ್ಕೆ ಬಂದ ಮೇಲೆ ಅದರ ಭಾಗವೊಂದನ್ನು ನಮ್ಮ ಪತ್ರಿಕೆಗೆ ಕಳುಹಿಸಿ. ಸೇವೆ ಪಡೆದವರು ಓದಿ ಒಪ್ಪಿದ ನಂತರವೇ ಕಳುಹಿಸಿ. ಅವರು ತೆಗೆಯಿರಿ ಎಂದ ಭಾಗ ಎಷ್ಟೇ ಚೆನ್ನಾಗಿದ್ದರೂ ನಮಗೆ ಬೇಡ.