ಹೋಟೆಲಿಗೆ ಓಡಿದ ‘ರನ್’

ಬ್ಯಾಡಗಿಯ ಓದುಗರೊಬ್ಬರ ಪತ್ರ: “ಎಂಟನೇ ತರಗತಿ ಓದೋ ನನ್ನ ಮಗಳು ಕಿರುಪರೀಕ್ಷೆಯೊಳಗ ‘ಹಿ ರನ್ಸ್ ಎ ಹೋಟೆಲ್’ ಅನ್ನೋದಕ್ಕ ‘ಅವನು ಹೋಟೆಲಿಗೆ ಓಡುತ್ತಾನೆ’ ಅಂತ ಬರೆದು ಸೊನ್ನಿ ತಂದಾಳ. ಈ ‘ರನ್’ ಶಬ್ದಕ್ಕ ಒಟ್ಟು ಎಷ್ಟು ಅರ್ಥ ಅದಾವ್ರಿ? ಪಟ್ಟಿ ಮಾಡಿ ಛಾಪಿಸಿದರ ಬಾಯಿಪಾಠ ಮಾಡಸ್ತೀನಿ.”

ಉತ್ತರ: ಪಟ್ಟಿ ಕೊಡೂದಿಲ್ರಿ, ಸಿಟ್ಟಾಗಬ್ಯಾಡ್ರಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು ‘ರನ್’ ಕ್ರಿಯಾಪದವೊಂದಕ್ಕೇ 645 ಅರ್ಥ ಎಣಿಸಿದ್ದಾರೆ. ಅದನ್ನು ಪರಿಷ್ಕರಿಸಲು ಕೂತ ಪೀಟರ್ ಗಿಲಿವರ್ ಅವರಿಗೆ ಸುಮಾರು ಒಂಬತ್ತು ತಿಂಗಳು ಹಿಡಿಯಿತು. 1989ರ ಆವೃತ್ತಿಯಲ್ಲಿ ‘ಸೆಟ್’ ಮುಂದಿತ್ತು, ಈಗ ‘ರನ್’ ಅದನ್ನು ಹಿಂದೆ ಹಾಕಿದೆ. ಇದನ್ನೆಲ್ಲ ಬಾಯಿಪಾಠ ಮಾಡಿಸಿದರೆ ಹುಡುಗಿ ಇಂಗ್ಲಿಷನ್ನೇ ಬಿಟ್ಟು ಓಡಿಯಾಳು.

ನಿಮ್ಮ ಮಗಳು ಎಡವಿದ್ದು ಅರ್ಥದಲ್ಲಲ್ಲ. ವಾಕ್ಯದಲ್ಲಿಲ್ಲದ ‘ಗೆ’ಯನ್ನು ತನ್ನ ಕಿಸೆಯಿಂದ ತೆಗೆದು ಸೇರಿಸಿಬಿಟ್ಟಿದ್ದಾಳೆ. ‘ಹಿ ರನ್ಸ್ ಟು ಎ ಹೋಟೆಲ್’ ಎಂದಿದ್ದರೆ ಅವಳ ಉತ್ತರಕ್ಕೆ ಪೂರ್ತಿ ಅಂಕ. ಆ ‘ಟು’ ಇಲ್ಲದೆ ಹೋಟೆಲು ನೇರವಾಗಿ ‘ರನ್’ಗೆ ಅಂಟಿಕೊಂಡಿತೆಂದರೆ ಅವನು ಓಡುತ್ತಿಲ್ಲ, ಹೋಟೆಲನ್ನು ನಡೆಸುತ್ತಿದ್ದಾನೆ.

ನಮಗೆ ಇಲ್ಲಿ ‘ಇಸು’ ಎಂಬ ದೊಡ್ಡ ಅನುಕೂಲವಿದೆ. ಬಸ್ಸು ಓಡುತ್ತದೆ, ಸಾರಿಗೆ ಸಂಸ್ಥೆ ಓಡಿಸುತ್ತದೆ. ನೀರು ಹರಿಯುತ್ತದೆ, ರೈತ ಹರಿಸುತ್ತಾನೆ. ಅಂಗಡಿ ನಡೆಯುತ್ತದೆ, ಸಾಹುಕಾರ ನಡೆಸುತ್ತಾನೆ. ಇಂಗ್ಲಿಷಿನಲ್ಲಿ ಈ ಆರಕ್ಕೂ ‘ರನ್’ ಒಂದೇ ಸಾಕು. ಹಿಂದೆ ಹಾಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಓಡುವುದಕ್ಕೆ, ಹರಿಯುವುದಕ್ಕೆ ‘ರಿನ್ನನ್’ ಎಂದಿತ್ತು, ಕುದುರೆ ಓಡಿಸುವುದಕ್ಕೆ ‘ಆ್ಯರ್ನನ್’ ಎಂಬ ಬೇರೆಯದೇ ರೂಪವಿತ್ತು. ಬರಬರುತ್ತ ಎರಡೂ ಕಲೆತು ಒಂದಾದವು. ಹೀಗಾಗಿ ನಮ್ಮ ‘ಇಸು’ ಹೇಳುವುದನ್ನು ಇಂಗ್ಲಿಷಿನಲ್ಲಿ ಅಕ್ಕಪಕ್ಕದ ಪದಗಳನ್ನು ನೋಡಿ ತಿಳಿಯಬೇಕು.

ಇನ್ನು ಓಡುವುದು ಯಾವುದು ಎಂಬುದನ್ನೂ ನೋಡಬೇಕು. ಮೂಗು ‘ರನ್’ ಆದರೆ ಸೋರುತ್ತಿದೆ. ನಳ ‘ರನ್’ ಆದರೆ ನೀರು ಬಿದ್ದು ಹೋಗುತ್ತಿದೆ. (ದಿನಗಟ್ಟಲೆ ಕಾದು ಕೊಡ ತುಂಬಿಕೊಳ್ಳುವ ಹುಬ್ಬಳ್ಳಿ ಓಣಿಗಳಲ್ಲಿ ನಳ ಓಡುವುದಿಲ್ಲ, ‘ನಳಾ ಬಂದಾವ’ ಎಂದು ಕೂಗಿದರೆ ಓಡುವವರು ನಾವು.) ಸೀರೆಯ ಬಣ್ಣ ‘ರನ್’ ಆದರೆ ಬಿಡುತ್ತಿದೆ. ಗದಗ-ಬೆಟಗೇರಿಯಲ್ಲಿ ಸೀರೆ ಕೊಳ್ಳುವಾಗ ನಮ್ಮವ್ವ ಸೆರಗಿನ ಮೂಲೆಗೆ ಉಗುಳು ಹಚ್ಚಿ ನನ್ನ ಬಿಳಿ ಕರ್ಚೀಫಿಗೆ ತಿಕ್ಕಿ ನೋಡುತ್ತಿದ್ದಳು. ಕರ್ಚೀಫು ಕೆಂಪಾದರೆ ಸೀರೆ ವಾಪಸ್ಸು. ಅಂಗಡಿಯವರು ಮುಖ ಸಿಂಡರಿಸುತ್ತಿದ್ದರು, ಕರ್ಚೀಫಿನ ಗತಿ ಕೇಳುವವರಿರಲಿಲ್ಲ.

ಚುನಾವಣೆಯದಂತೂ ತಮಾಷೆ. ಅಮೆರಿಕದವರು ಚುನಾವಣೆಗೆ ‘ರನ್’ ಮಾಡುತ್ತಾರೆ, ಬ್ರಿಟಿಷರು ‘ಸ್ಟ್ಯಾಂಡ್’ ಆಗುತ್ತಾರೆ. ನಾವೂ ನಿಲ್ಲುವವರೇ, ನಿಂತ ಮೇಲೆ ಓಣಿ ಓಣಿ ಓಡಾಡುವುದು ಬೇರೆ ಮಾತು. ‘ರನ್ ಔಟ್’ ಕ್ರಿಕೆಟ್ಟಿನಲ್ಲಿ ಒಂದು, ಅಡುಗೆಮನೆಯಲ್ಲಿ ಇನ್ನೊಂದು. ‘ವಿ ರ‍್ಯಾನ್ ಔಟ್ ಆಫ್ ಶುಗರ್’ ಎಂದರೆ ಸಕ್ಕರೆ ತೀರಿತು, ಅಷ್ಟೇ.

ಮಗಳಿಗೆ ಇದು ವಿಚಿತ್ರ ಅನ್ನಿಸಿದರೆ ಮನೆಯ ಮಾತಿನ ‘ಹೊಡಿ’ಯನ್ನೇ ಕೊಡಿ. ನಿದ್ದಿ ಹೊಡಿತಾರ, ಹರಟಿ ಹೊಡಿತಾರ, ಸೀಟಿ ಹೊಡಿತಾರ, ಗ್ವಾಡಿಗೆ ಬಣ್ಣಾ ಹೊಡಿತಾರ, ಹೊಲದಾಗ ಕುಂಟಿ ಹೊಡಿತಾರ. ಯಾರಿಗೂ ಪೆಟ್ಟು ಬೀಳುವುದಿಲ್ಲ. ಇದನ್ನು ಅವಳು ಪಟ್ಟಿ ನೋಡಿ ಕಲಿಯಲಿಲ್ಲ, ನಿದ್ದಿ, ಬಣ್ಣದ ಜೊತೆಗೇ ಕೇಳಿ ಕಲಿತಳು. ‘ರನ್’ ಕೂಡ ಹಾಗೇ ವಾಕ್ಯದೊಳಗೇ ಸಿಗಬೇಕು. ದಿನಕ್ಕೊಂದು ವಾಕ್ಯ ಬರೆಸಿ, ಪಕ್ಕದಲ್ಲಿ ನಿಮ್ಮೂರ ಮಾತಿನಲ್ಲಿ ಅದನ್ನು ಹೇಗೆ ಅನ್ನುತ್ತೀರೋ ಹಾಗೆ ಬರೆಯಲಿ.

‘ಹೊಡಿ’ಯ ಪಟ್ಟಿಯನ್ನು ಅವಳೇ ಮಾಡಿ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಖಂಡಿತ ಹಾಕುತ್ತೇವೆ. ಒಂದೇ ವಿನಂತಿ: ‘ಎಣ್ಣಿ ಹೊಡಿ’ ಎಂದು ಬರೆದಲ್ಲಿ, ಮೆಣಸಿನಗಿಡದ ಹುಳಕ್ಕೆ ಹೊಡೆಯುವ ಎಣ್ಣಿಯೋ, ಸಂಜಿ ಮುಂದ ಹೊಡೆಯುವ ಎಣ್ಣಿಯೋ, ಅದನ್ನು ಮಾತ್ರ ಬಿಡಿಸಿ ಬರೆಯಲಿ.