ವಿಕಿಪೀಡಿಯಾದ ಡೆಂಗಿ ಲೇಖನಕ್ಕೆ ನಾನು ಸೇರಿಸಿದ ಔಷಧದ ಡೋಸ್ ಯಾಕೆ ತೆಗೆದರು? ಕಾಯಿಲೆಗಳ ಬಗ್ಗೆ ಅಲ್ಲಿ ಹೇಗೆ ಬರೆಯಬೇಕು?

ಡೆಂಗಿ ಲೇಖನಕ್ಕೆ ನೀವು ಎರಡು ಪ್ಯಾರಾ ಸೇರಿಸಿದ್ದಿರಿ: ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕು ಅನ್ನುವುದು ಒಂದು, ಪಪ್ಪಾಯಿ ಎಲೆ ರಸದಿಂದ ಪ್ಲೇಟ್‌ಲೆಟ್ ಏರುತ್ತದೆ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ದಿನಪತ್ರಿಕೆಯ ಉಲ್ಲೇಖವನ್ನೂ ಕೊಟ್ಟಿದ್ದಿರಿ. ಎರಡನ್ನೂ ಯಾರೋ ತೆಗೆದರು. "ನಾನು ನರ್ಸಿಂಗ್ ಕೊನೇ ವರ್ಷ, ಸುಳ್ಳೇನೂ ಬರೆದಿಲ್ಲವಲ್ಲ" ಎಂದು ಕೇಳಿದ್ದೀರಿ. ಸುಳ್ಳು ಬರೆದಿಲ್ಲ, ನಿಜ. ತೆಗೆದದ್ದು ನಾನಲ್ಲ, ಆದರೆ ನನ್ನ ಕಣ್ಣಿಗೆ ಬಿದ್ದಿದ್ದರೆ ನಾನೂ ತೆಗೆಯುತ್ತಿದ್ದೆ. ನಾನು ಫಾರ್ಮಸಿಸ್ಟ್. ಹಗಲೆಲ್ಲ ಮೆಡಿಕಲ್ ಶಾಪ್ ಕೌಂಟರ್‌ನಲ್ಲಿರುತ್ತೇನೆ, ಬಿಡುವಾದಾಗ ವಿಕಿಪೀಡಿಯಾದ ವೈದ್ಯಕೀಯ ಲೇಖನಗಳನ್ನು ತಿದ್ದುತ್ತೇನೆ.

ಮೊದಲು ಡೋಸ್ ವಿಚಾರ, ಯಾಕೆಂದರೆ ನಿಮಗೆ ಹೆಚ್ಚು ಬೇಸರ ಆಗಿರುವುದು ಅದರಿಂದಲೇ. ಇಂಗ್ಲಿಷ್ ವಿಕಿಪೀಡಿಯಾದಲ್ಲಿ ವೈದ್ಯಕೀಯ ಲೇಖನಗಳಿಗೆಂದೇ ಪ್ರತ್ಯೇಕ ಶೈಲಿ ಕೈಪಿಡಿ ಇದೆ. ತೀರಾ ಅಗತ್ಯವಿಲ್ಲದಿದ್ದರೆ ಔಷಧದ ಪ್ರಮಾಣ ಬರೆಯಬೇಡಿ ಎಂದು ಅದು ಹೇಳುತ್ತದೆ. ಕನ್ನಡ ವಿಕಿಪೀಡಿಯಾ ಆ ಕೈಪಿಡಿಗೆ ಕಟ್ಟುಬಿದ್ದಿಲ್ಲ, ಪ್ರತಿ ಭಾಷೆಯ ಸಮುದಾಯವೂ ತನ್ನ ನಿಯಮ ತಾನೇ ಮಾಡಿಕೊಳ್ಳಬಹುದು. ಆದರೂ ನಾನು ಇದನ್ನು ಚಾಚೂ ತಪ್ಪದೆ ಪಾಲಿಸುತ್ತೇನೆ. ಕಾರಣ ನನ್ನ ಕೌಂಟರ್ ಹಿಂದಿನ ಶೆಲ್ಫಿನಲ್ಲೇ ಇದೆ. ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ ಒಂದರಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ ಇರುತ್ತದೆ, ಅದೇ ಕಂಪನಿಯ ಇನ್ನೊಂದು ಬಾಟಲಿಯಲ್ಲಿ 5 ಎಂಎಲ್‌ಗೆ 250. ಹಸುಗೂಸುಗಳಿಗೆ ಕೊಡುವ ಡ್ರಾಪ್ಸ್‌ನಲ್ಲಿ ಒಂದು ಎಂಎಲ್‌ಗೇ 100 ಮಿಲಿಗ್ರಾಂ. ಹತ್ತು ಕಿಲೋ ತೂಕದ ಮಗುವಿಗೆ ಒಂದು ಸಲಕ್ಕೆ ಹೆಚ್ಚೆಂದರೆ 150 ಮಿಲಿಗ್ರಾಂ ಲೆಕ್ಕ. "ಒಂದು ಚಮಚ" ಎಂದು ಎಲ್ಲೋ ಓದಿದ ತಾಯಿ ಡ್ರಾಪ್ಸನ್ನೇ 5 ಎಂಎಲ್ ಚಮಚಕ್ಕೆ ಸುರಿದರೆ ಮಗುವಿನ ಹೊಟ್ಟೆಗೆ 500 ಹೋಗುತ್ತದೆ. ಡೆಂಗಿಯಲ್ಲಿ ಯಕೃತ್ತಿಗೆ ಮೊದಲೇ ಪೆಟ್ಟು ಬಿದ್ದಿರಬಹುದು, ಪ್ಯಾರಾಸಿಟಮಾಲ್ ಹೆಚ್ಚಾದರೆ ಹಾಳಾಗುವುದೂ ಅದೇ ಯಕೃತ್ತು. ನೀವು ಬರೆದ ಸಂಖ್ಯೆ ಪಠ್ಯಪುಸ್ತಕದ್ದೇ, ಸರಿಯಾದದ್ದೇ. ಆದರೆ ಅದನ್ನು ಓದುವವರ ತೂಕ, ವಯಸ್ಸು, ಕೈಯಲ್ಲಿರುವ ಬಾಟಲಿ ಯಾವುದೂ ನಿಮಗೆ ಗೊತ್ತಿಲ್ಲ. ವಾರ್ಡಿನಲ್ಲಿ ನಿಮಗೆ ಇವೆಲ್ಲ ಗೊತ್ತಿರುತ್ತದೆ, ಅಲ್ಲಿ ಡೋಸ್ ಹೇಳುವುದು ನಿಮ್ಮ ಕೆಲಸ. ಇನ್ನೊಂದು ಮಾತು: ವಿಕಿಪೀಡಿಯಾ ಪುಟವನ್ನು ಯಾರು ಬೇಕಾದರೂ ತಿದ್ದಬಹುದು. 150 ಇದ್ದದ್ದನ್ನು ಒಬ್ಬ 1500 ಮಾಡಿ ಹೋದರೆ ಅದು ಯಾರ ಕಣ್ಣಿಗಾದರೂ ಬೀಳುವ ತನಕ ಹಾಗೇ ಇರುತ್ತದೆ.

ಬ್ರ್ಯಾಂಡ್ ಹೆಸರಿನದೂ ಇದೇ ಕಥೆ. ಲೇಖನದಲ್ಲಿ ಡೋಲೋ, ಕ್ರೋಸಿನ್ ಅಂತ ಬರೆಯಬೇಡಿ, ಪ್ಯಾರಾಸಿಟಮಾಲ್ ಅಂತಲೇ ಬರೆಯಿರಿ. ಡೋಲೋ ನುಂಗಿ, ಜ್ವರ ಇಳಿಯಲಿಲ್ಲವೆಂದು ಎರಡು ಗಂಟೆ ಬಿಟ್ಟು ಕ್ರೋಸಿನ್ ನುಂಗಿ, ಆಮೇಲೆ ನೆಗಡಿ ಮಾತ್ರೆ ಕೇಳಿಕೊಂಡು ಬರುವವರು ನನ್ನ ಅಂಗಡಿಗೆ ಬರುತ್ತಲೇ ಇರುತ್ತಾರೆ. ಎಷ್ಟೋ ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಮೂರೂ ಒಂದೇ ಔಷಧ ಎಂದು ಅವರಿಗೆ ಹೇಳಿದವರಿರುವುದಿಲ್ಲ. ಲೇಖನವಾದರೂ ಹೇಳಬೇಕು.

ಇನ್ನು ಪಪ್ಪಾಯಿ ಎಲೆ. ಇಲ್ಲಿ ಅಡ್ಡ ಬಂದದ್ದು ನಿಮ್ಮ ಉಲ್ಲೇಖ. ವೈದ್ಯಕೀಯ ವಿಷಯಕ್ಕೆ ದಿನಪತ್ರಿಕೆ, ಟಿವಿ ಸುದ್ದಿ ಆಧಾರವಾಗುವುದಿಲ್ಲ. ಒಂದೇ ಒಂದು ಹೊಸ ಸಂಶೋಧನಾ ಪ್ರಬಂಧವೂ ಸಾಲದು, ಇದು ತುಂಬಾ ಜನರಿಗೆ ಆಶ್ಚರ್ಯ ಅನ್ನಿಸುತ್ತದೆ. ಆ ವಿಷಯದ ಎಲ್ಲ ಅಧ್ಯಯನಗಳನ್ನೂ ಒಟ್ಟಿಗೆ ಇಟ್ಟು ತೂಗಿದ ವಿಮರ್ಶಾ ಪ್ರಬಂಧ ಬೇಕು, ಅದೂ ಕಳೆದ ಐದು ವರ್ಷಗಳ ಒಳಗಿನದಾದರೆ ಒಳ್ಳೆಯದು. ಇಲ್ಲವೇ ವಿಶ್ವ ಆರೋಗ್ಯ ಸಂಸ್ಥೆಯಂಥವರ ಮಾರ್ಗಸೂಚಿ, ಒಳ್ಳೆಯ ಪಠ್ಯಪುಸ್ತಕ. ಈ ಬಿಗಿ ಯಾಕೆ ಬೇಕು ಅನ್ನುವುದಕ್ಕೆ 1998ರ ಪ್ರಬಂಧ ಒಂದೇ ಸಾಕು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿದೆ ಎಂದು ಸೂಚಿಸಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಬರೆದದ್ದು ಲ್ಯಾನ್ಸೆಟ್‌ನಂಥ ಹೆಸರಾಂತ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ಬಂತು. ನೋಡಿದ್ದು ಬರೀ 12 ಮಕ್ಕಳನ್ನು. ಲ್ಯಾನ್ಸೆಟ್ ಅದನ್ನು ಹಿಂದಕ್ಕೆ ಪಡೆದದ್ದು 2010ರಲ್ಲಿ. ನಡುವಿನ ಹನ್ನೆರಡು ವರ್ಷ "ದೊಡ್ಡ ಪತ್ರಿಕೆಯಲ್ಲಿ ಬಂದಿದೆ" ಎಂದು ಅದನ್ನು ಯಾರು ಬೇಕಾದರೂ ಉಲ್ಲೇಖಿಸಬಹುದಿತ್ತು.

ಹಾಗಾದರೆ ಪಪ್ಪಾಯಿ ಬಗ್ಗೆ ಬರೆಯಲೇಬಾರದೇ? ಬರೆಯಬೇಕು. ಮಳೆಗಾಲದಲ್ಲಿ ನಮ್ಮ ಜನ ಹುಡುಕುವುದೇ ಅದನ್ನು. ಲೇಖನ ಮೌನವಾಗಿದ್ದರೆ ಅವರು ವಾಟ್ಸಾಪ್‌ಗೆ ಹೋಗುತ್ತಾರೆ. ಕೆಲವು ಸಣ್ಣ ಪ್ರಯೋಗಗಳಲ್ಲಿ ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರಿದ್ದು ಕಂಡಿದೆ, ಆದರೆ ಇದರಿಂದ ಕಾಯಿಲೆ ತೀವ್ರವಾಗುವುದು ಅಥವಾ ಸಾವು ತಪ್ಪುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ ಎಂದು ಬರೆಯಿರಿ, ವಿಮರ್ಶಾ ಪ್ರಬಂಧದ ಉಲ್ಲೇಖ ಕೊಡಿ. ಅದರ ಜೊತೆಗೇ, ಡೆಂಗಿಯಲ್ಲಿ ನಿಜವಾದ ಅಪಾಯ ರಕ್ತನಾಳಗಳಿಂದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಸೋರುವುದು, ಚೇತರಿಕೆಯ ಹಂತದಲ್ಲಿ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ ಅನ್ನುವುದನ್ನೂ ಸೇರಿಸಿ. ಜ್ವರ ಬಿಟ್ಟ ಹೊತ್ತಿಗೇ ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಾಣಿಸಿದರೆ ಅದು ಅಪಾಯದ ಸೂಚನೆ ಎಂಬ ಸಾಲು ಲೇಖನದ ಮೊದಲ ಭಾಗದಲ್ಲೇ ಇರಬೇಕು, ಏಕೆಂದರೆ ಹೆಚ್ಚಿನವರು ಅದಕ್ಕಿಂತ ಕೆಳಗೆ ಓದುವುದೇ ಇಲ್ಲ.

ಉಲ್ಲೇಖ ಸರಿಯಿದ್ದರೂ ಲೇಖನ ತಪ್ಪಾಗುವುದುಂಟು. ನಮ್ಮದೇ ಮಂಗನ ಕಾಯಿಲೆ ತಗೊಳ್ಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗು ಕಚ್ಚಿ ಹರಡುವ ವೈರಸ್ ಕಾಯಿಲೆ. ಹಳೆಯ ಪುಸ್ತಕಗಳು ಇದಕ್ಕೆ ಲಸಿಕೆ ಇದೆ, ಮಲೆನಾಡಿನಲ್ಲಿ ಕೊಡುತ್ತಾರೆ ಎನ್ನುತ್ತವೆ. ಆ ಪುಸ್ತಕ ಬಂದಾಗ ಅದು ನಿಜವೇ ಆಗಿತ್ತು. ಪರಿಣಾಮ ಸಾಲದೆಂದು ಆ ಲಸಿಕೆಯ ಬಳಕೆ 2022ರ ಸುಮಾರಿಗೆ ನಿಂತಿತು. "ಲಸಿಕೆ ಲಭ್ಯವಿದೆ" ಎಂಬ ಸಾಲನ್ನು ಇವತ್ತು ಓದಿದ ತೀರ್ಥಹಳ್ಳಿಯ ಅಡಿಕೆ ತೋಟದವರು ಅದನ್ನು ನಂಬಿ ಸುಮ್ಮನಿದ್ದರೆ? ಅದಕ್ಕೇ ಬದಲಾಗುವಂಥ ಪ್ರತಿ ಮಾತಿಗೂ ಇಸವಿ ಸೇರಿಸಿ ಬರೆಯಿರಿ. "ಇತ್ತೀಚೆಗೆ", "ಈಗ" ಎಂದು ಬರೆದ ಸಾಲು ಎಷ್ಟು ಹಳೆಯದೆಂದು ಐದು ವರ್ಷ ಬಿಟ್ಟು ಓದುವವರಿಗೆ ತಿಳಿಯುವುದಿಲ್ಲ.

ಸಂಖ್ಯೆಗಳ ವಿಷಯದಲ್ಲಿ ಇನ್ನೆರಡು ಮಾತು. ವಿದೇಶಿ ಪ್ರಬಂಧದಲ್ಲಿ ಸಕ್ಕರೆ ಕಾಯಿಲೆಯ ಗಡಿ ಖಾಲಿ ಹೊಟ್ಟೆಯಲ್ಲಿ ಲೀಟರಿಗೆ 7 ಮಿಲಿಮೋಲ್ ಎಂದಿರುತ್ತದೆ. ನಮ್ಮ ಲ್ಯಾಬ್ ರಿಪೋರ್ಟಿನಲ್ಲಿ ಅದೇ ಅಳತೆ ಡೆಸಿಲೀಟರಿಗೆ 126 ಮಿಲಿಗ್ರಾಂ ಎಂದು ಬರುತ್ತದೆ. ಎರಡನ್ನೂ ಕೊಡಿ, ನಮ್ಮದನ್ನು ಮೊದಲು ಕೊಡಿ. ಹಾಗೆಯೇ ಯಾವುದೇ ಔಷಧ "ಅಪಾಯವನ್ನು ಅರ್ಧಕ್ಕೆ ಇಳಿಸುತ್ತದೆ" ಎಂದಷ್ಟೇ ಬರೆದು ನಿಲ್ಲಿಸಬೇಡಿ. ಸಾವಿರದಲ್ಲಿ ಇಬ್ಬರಿಗೆ ಆಗುತ್ತಿದ್ದದ್ದು ಒಬ್ಬರಿಗೆ ಇಳಿದರೂ ಅರ್ಧವೇ, ನಾನೂರು ಜನಕ್ಕೆ ಆಗುತ್ತಿದ್ದದ್ದು ಇನ್ನೂರಕ್ಕೆ ಇಳಿದರೂ ಅರ್ಧವೇ. ಸಾವಿರಕ್ಕೆ ಎಷ್ಟು ಜನ ಅನ್ನುವುದನ್ನೇ ಬರೆಯಿರಿ.

ಉಳಿದದ್ದು ರೂಢಿಯ ಮೇಲೆ ಬರುತ್ತದೆ. ಲಕ್ಷಣ, ಕಾರಣ, ಪತ್ತೆ, ತಡೆ, ಚಿಕಿತ್ಸೆ, ಮುಂದಿನ ಗತಿ, ಎಲ್ಲೆಲ್ಲಿ ಎಷ್ಟು ಜನಕ್ಕೆ ಬರುತ್ತದೆ, ಇತಿಹಾಸ: ಸುಮಾರಾಗಿ ಈ ಕ್ರಮ. ಓದುಗರನ್ನು "ನೀವು ಹೀಗೆ ಮಾಡಿ" ಎಂದು ನೇರವಾಗಿ ಮಾತಾಡಿಸಬೇಡಿ, ಅದು ಸಲಹೆಯಾಗುತ್ತದೆ. ಗುರುತು ಸಿಗುವಂತೆ ರೋಗಿಯ ಫೋಟೋ ಹಾಕುವ ಮುಂಚೆ ಅವರ ಒಪ್ಪಿಗೆ ಬೇಕೇ ಬೇಕು. ನರ್ಸಿಂಗ್ ಓದುತ್ತಿರುವ ನಿಮಗೆ ಇದನ್ನು ನಾನು ಹೇಳಬೇಕಿಲ್ಲ.

ಭಾಷೆಯ ಬಗ್ಗೆ ಮಾತ್ರ ನಿಮ್ಮಂಥವರನ್ನು ಬೇಡಿಕೊಳ್ಳುತ್ತೇನೆ. 2010ರ ಆಸುಪಾಸಿನಲ್ಲಿ ಗೂಗಲ್‌ನ ಅನುವಾದ ಯೋಜನೆಯಿಂದ ಕನ್ನಡ ವಿಕಿಪೀಡಿಯಾಕ್ಕೆ ಉದ್ದುದ್ದ ವೈದ್ಯಕೀಯ ಲೇಖನಗಳು ಬಂದವು. ಮಾಹಿತಿ ಇದೆ, ಆದರೆ ವಾಕ್ಯಕ್ಕೆ ತಲೆಬುಡ ಸಿಗುವುದಿಲ್ಲ, ಓದಿದವರು ಎರಡನೇ ಸಾಲಿಗೇ ಬಿಡುತ್ತಾರೆ. ವಾರ್ಡಿನಲ್ಲಿ ಅಜ್ಜಿಯೊಬ್ಬರಿಗೆ ಕಾಯಿಲೆಯನ್ನು ನೀವು ದಿನವೂ ಕನ್ನಡದಲ್ಲೇ ಬಿಡಿಸಿ ಹೇಳುತ್ತೀರಿ. ಆ ಕನ್ನಡ ಅಲ್ಲಿ ಇಲ್ಲ. ಅದನ್ನು ತರಬಲ್ಲವರು ಡಾಕ್ಟರುಗಳಿಗಿಂತ ಹೆಚ್ಚಾಗಿ ನೀವೇ ಎಂದು ನಾನು ನಂಬಿದ್ದೇನೆ, ಹಾಗಾಗಿ ದಯವಿಟ್ಟು ಇಷ್ಟಕ್ಕೇ ಬಿಟ್ಟುಹೋಗಬೇಡಿ.

ನಿಮ್ಮ ಮೊದಲ ಪ್ಯಾರಾವನ್ನು ನಾನಾದರೆ ಹೀಗೆ ಬರೆಯುತ್ತೇನೆ: "ಡೆಂಗಿಯಲ್ಲಿ ಜ್ವರ ಮತ್ತು ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಬಳಸುತ್ತಾರೆ. ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುವುದರಿಂದ ಅವನ್ನು ಬಳಸುವುದಿಲ್ಲ." ಉಲ್ಲೇಖಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಡೆಂಗಿ ಮಾರ್ಗಸೂಚಿ ಕೊಡಿ. ಲೇಖನಕ್ಕೆ ಸೇರಿಸುವ ಮೊದಲು ಚರ್ಚೆ ಪುಟದಲ್ಲಿ ಹಾಕಿ, ತೆಗೆದವರ ಹೆಸರು ಪುಟದ ಇತಿಹಾಸದಲ್ಲಿ ಸಿಗುತ್ತದೆ, ಅವರನ್ನೂ ಕರೆಯಿರಿ. ಪಪ್ಪಾಯಿ ಪ್ಯಾರಾಕ್ಕೆ ವಿಮರ್ಶಾ ಪ್ರಬಂಧ ಬೇಕಾದರೆ ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್‌ನಲ್ಲಿ ಹುಡುಕಿ, ಎಡಗಡೆ ವಿಮರ್ಶೆಗಳನ್ನು ಮಾತ್ರ ತೋರಿಸುವ ಆಯ್ಕೆ ಇದೆ. ಸಿಗದಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ಇಬ್ಬರೂ ಸೇರಿ ಹುಡುಕೋಣ.